ಭಾನುವಾರದ ಕೂಟ, ಸೋಮವಾರದ ಶಿಫ್ಟ್: ಯೌವನಸ್ಥರ ಕೂಟ ನಡೆಸಿದವರ ಸಲಹೆ ಬೇಕು

ಕೇಳಿದವರು, ಬೆಂಗಳೂರು

ವಂದನೆಗಳು. ಪೀಣ್ಯದ ಹತ್ತಿರದ ಒಂದು ಚಿಕ್ಕ ಕನ್ನಡ ಕ್ರೈಸ್ತ ಸಭೆಯ (ಚರ್ಚಿನ) ಯೌವನಸ್ಥರ ಕೂಟ ನೋಡಿಕೊಳ್ಳುತ್ತಿದ್ದೇನೆ. ಪಟ್ಟಿಯಲ್ಲಿ 22 ಹೆಸರು, ಬರುವವರು 9-10 ಜನ. ಐಟಿಐ ಮುಗಿಸಿ ಮಷಿನ್ ಶಾಪ್ ಸೇರಿದವರು, ಗಾರ್ಮೆಂಟ್ಸ್‌ಗೆ ಹೋಗುವವರು, ಇಬ್ಬರು ನರ್ಸ್‌ಗಳು, ಉಳಿದವರು ಪಿಯುಸಿ. ಸೇರುವುದು ಭಾನುವಾರ ಸಂಜೆ ಆರಕ್ಕೆ. ಬೈಬಲ್ ವಾಕ್ಯ ಹೇಳಿದರೆ ತಲೆಯಾಡಿಸುತ್ತಾರೆ. "ಸೂಪರ್‌ವೈಸರ್ ಸುಳ್ಳು ಎಂಟ್ರಿ ಹಾಕು ಅಂದ್ರೆ ಏನ್ ಮಾಡ್ಲಿ ಅಣ್ಣಾ" ಅಂತ ಕೇಳಿದರೆ ಮಾತ್ರ ನನಗೆ ಉತ್ತರ ಹೊಳೆಯುವುದಿಲ್ಲ. ನಂಬಿಕೆಯನ್ನು ಕೆಲಸದ ಜಾಗಕ್ಕೆ ಒಯ್ಯುವುದನ್ನು ಕೂಟದಲ್ಲಿ ಕಲಿಸುವುದು ಹೇಗೆ? ಪ್ರಸಂಗ ಬೇಡ, ಕೈಗೆ ಹತ್ತುವ ವಿಷಯ ಹೇಳಿ.

ಧಾರವಾಡದಿಂದ

ಮೊದಲ ಟೈಮ್ ಬದಲಿ ಮಾಡ್ರಿ. ಹುಡುಗ್ರು ಬರವಲ್ರು ಅಂದ್ರ ಭಕ್ತಿ ಕಡಿಮಿ ಆಗೇದ ಅಂತ ತಿಳೀಬ್ಯಾಡ್ರಿ. ಸೋಮವಾರ ಮುಂಜಾನೆ ಆರರ ಶಿಫ್ಟ್ ಇದ್ದಾಂವ ಭಾನುವಾರ ಸಂಜೀ ಆರಕ್ಕ ಎಲ್ಲಿಂದ ಬರಬೇಕು? ಗಾರ್ಮೆಂಟ್ಸ್ ಹುಡುಗ್ಯಾರಿಗೆ ವಾರದ ಅರಬಿ ಒಗಿಯೂದು, ಸಂತಿ ಮಾಡೂದು ಎಲ್ಲಾ ಅವತ್ತ. ಆರಾಧನಿ ಮುಗದ ಕೂಡ್ಲೆ, ಮಂದಿ ಇನ್ನೂ ಅಂಗಳದಾಗ ಇರೂವಾಗ ಸುರು ಮಾಡ್ರಿ. 75 ನಿಮಿಷ ಸಾಕು: ಚಹಾ 10, "ಈ ವಾರ ಕೆಲಸದಾಗ ಏನ್ ತೊಡಕು ಬಂತು" 20, ವಾಕ್ಯ 20, ಒಂದು ತೊಡಕು ಹಿಡಕೊಂಡು ಚರ್ಚಾ 15, ಪ್ರಾರ್ಥನಾ 10. ಚರ್ಚಾದ ಹೊತ್ತಿನಾಗ ಪಿಯುಸಿಯವರನ್ನ ಬ್ಯಾರೆ ಕೂಡಸ್ರಿ. ಅವರ ತೊಡಕು ಟ್ಯೂಷನ್ನು, ಕಾಪಿ ಹೊಡಿಯೂದು.

ಎಲ್ಲಿ ಕೆಡ್ತದ ಅಂದ್ರ, ಪ್ರಕಟಣಿ. ಪಿಕ್ನಿಕ್ಕು, ಟಿ-ಶರ್ಟು, ಕ್ರಿಸ್‌ಮಸ್ ಹಾಡಿನ ಕ್ಯಾರಲ್ ರೌಂಡ್ಸ್ ಅಂತ ಅರ್ಧ ತಾಸು ಹೋಗ್ತದ. ಅದನ್ನೆಲ್ಲಾ ವಾಟ್ಸಾಪ್‌ಗೆ ಹಾಕ್ರಿ. ನವೆಂಬರ್ ಬಂತಂದ್ರ ಕ್ವಾಯರ್ ಪ್ರಾಕ್ಟೀಸು ಪೂರಾ ಕೂಟಾನ ನುಂಗ್ತದ, ಅದಕ್ಕ ಬ್ಯಾರೆ ದಿನಾ ಇಡ್ರಿ.

ಚಹಾ ಬಿಡಬ್ಯಾಡ್ರಿ. 20 ಮಂದಿಗೆ ಒಂದೂವರಿ ಲೀಟರ್ ಹಾಲು, ಒಂದು ಲೀಟರ್ ನೀರು, 60 ಗ್ರಾಮ್ ಪುಡಿ. ಬರೇ ಹೊಟ್ಟಿಲೆ ಕೂತವರು ಬಾಯಿ ಬಿಡಂಗಿಲ್ಲ.

ಕ್ವಾಲಿಟಿ ವಿಭಾಗದವರು, ತುಮಕೂರು

ಸುಳ್ಳು ಎಂಟ್ರಿ ಬಗ್ಗೆ ಕೇಳಿದ್ದೀರಿ. ಒಂದು ವಾರ ಪ್ರಸಂಗದ ಬದಲು ಇನ್‌ಸ್ಪೆಕ್ಷನ್ ಶೀಟನ್ನು (ಪೀಸ್ ಅಳೆದ ಅಂಕಿ ಬರೆಯೋ ಹಾಳೆ) ಮೇಜಿನ ಮೇಲಿಡಿ. ಕಂಪನಿಯದ್ದಲ್ಲ, ಸ್ಕೇಲ್ ಹಿಡಿದು ಗೆರೆ ಎಳೆದದ್ದು. ಪ್ರಾಮಾಣಿಕತೆ ಕಲಿಸೋಕೆ ಕಂಪನಿ ದಾಖಲೆ ಹೊರಗೆ ತಂದರೆ ಅಲ್ಲಿಗೇ ಮುಗೀತು.

25 ಮಿ.ಮೀ. ಶಾಫ್ಟ್, ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಮ್ಮಿ ಆಗಬಹುದು ಅನ್ನೋ ಮಿತಿ) ±0.02 ಅಂತಿಟ್ಟುಕೊಳ್ಳಿ. ಗಂಟೆಗೆ ಐದು ಪೀಸ್ ಅಳೆಯಬೇಕು, ಎಂಟು ಗಂಟೆಗೆ 40 ರೀಡಿಂಗ್. ಟಾರ್ಗೆಟ್ ಒತ್ತಡದಲ್ಲಿ ಯಾರೂ ಅಳೆಯುವುದಿಲ್ಲ, ಶಿಫ್ಟ್ ಬಿಡೋ ಹತ್ತು ನಿಮಿಷ ಮುಂಚೆ ನಲವತ್ತೂ ಒಂದೇ ಪೆನ್ನಿನಲ್ಲಿ ತುಂಬುತ್ತವೆ. ಈಗ ಹುಡುಗರಿಗೆ ಕೇಳಿ: ಬೆಂಚ್ ಮೇಲಿರುವುದು 0.02 ಲೀಸ್ಟ್ ಕೌಂಟ್‌ನ, ಅಂದರೆ 0.02ರ ಹೆಜ್ಜೆಯಲ್ಲೇ ಅಳೆಯುವ ವರ್ನಿಯರ್ ಮಾತ್ರ, ಶೀಟಿನಲ್ಲಿ 25.01 ಅಂತ ಇದೆ. ಎಲ್ಲಿಂದ ಬಂತು? ಆ ವರ್ನಿಯರ್ 25.00 ತೋರಿಸುತ್ತೆ, 25.02 ತೋರಿಸುತ್ತೆ, 25.01 ತೋರಿಸುವುದಿಲ್ಲ. ಅದು ತಲೆಯಿಂದ ಬಂದ ಅಂಕಿ. (ಇಂಥ ಟಾಲರೆನ್ಸ್‌ಗೆ 0.01ರ ಮೈಕ್ರೋಮೀಟರ್ ಬೇಕು, ಅದು ಬೇರೆ ಮಾತು.) ಐಟಿಐ ಹುಡುಗರು ನಗುತ್ತಾರೆ, ಯಾಕಂದರೆ ಗೊತ್ತಿರೋ ವಿಷಯ. ಆಮೇಲೆ ಜ್ಞಾನೋಕ್ತಿ 11:1, ಧರ್ಮೋಪದೇಶಕಾಂಡ 25:13-15 ಓದಿಸಿ: ಒಂದೇ ಚೀಲದಲ್ಲಿ ಕೊಳ್ಳೋಕೊಂದು, ಮಾರೋಕೊಂದು ತೂಕದ ಕಲ್ಲು. ವಿವರಣೆಯೇ ಬೇಡ.

ನಿಜ ಬರೆಯುವುದು ಬರೀ ನೀತಿಯ ಮಾತಲ್ಲ ಅನ್ನೋದನ್ನೂ ತೋರಿಸಿ. ಟರ್ನಿಂಗ್‌ನಲ್ಲಿ (ತಿರುಗುವ ಪೀಸನ್ನು ಟೂಲ್‌ನಿಂದ ಹೆರೆಯುವಾಗ) ಟೂಲ್ ಸವೆದಂತೆ ಹೊರವ್ಯಾಸ ನಿಧಾನಕ್ಕೆ ದಪ್ಪ ಆಗುತ್ತೆ. ಮೈಕ್ರೋಮೀಟರಿನ ನಿಜವಾದ ರೀಡಿಂಗ್ 25.00ಯಿಂದ 25.01ಕ್ಕೆ ಏರುತ್ತಿರುವುದು ಕಂಡರೆ ಆಫ್‌ಸೆಟ್ (ಟೂಲ್ ನಿಲ್ಲುವ ಜಾಗದ ಸೆಟ್ಟಿಂಗ್) ಸರಿಮಾಡಿ ರಿಜೆಕ್ಷನ್ ತಪ್ಪಿಸಬಹುದು. ಸಾಲಾಗಿ 25.00 ಬರೆದಿಟ್ಟವನಿಗೆ ಲಾಟ್ ವಾಪಸ್ ಬಂದ ಮೇಲೆಯೇ ಗೊತ್ತಾಗುವುದು.

ಸೂಪರ್‌ವೈಸರ್ "ತುಂಬಿಬಿಡು" ಅಂದರೆ "ನಾನು ಬೈಬಲ್ ಓದೋನು ಸರ್" ಅನ್ನಬಾರದು. ಅದರ ಅರ್ಥ "ನೀವು ಕಳ್ಳರು" ಅಂತಾಗುತ್ತೆ, ಇಡೀ ಲೈನ್ ತಿರುಗಿಬೀಳುತ್ತೆ. "ಸರ್, ಹತ್ತು ಗಂಟೆ ರೀಡಿಂಗ್ ತಗೊಂಡಿಲ್ಲ. ಆ ಲಾಟಿಂದ ಈಗ ಐದು ಪೀಸ್ ಅಳೆದು, ಈಗಿನ ಟೈಮ್ ಹಾಕಿ ಬರೀತೀನಿ" ಅನ್ನಲಿ. ಅವರಿಗೂ ಒಂದು ದಾರಿ ಸಿಗಬೇಕು. ಇದನ್ನು ಕೂಟದಲ್ಲಿ ಇಬ್ಬಿಬ್ಬರನ್ನು ನಿಲ್ಲಿಸಿ ಬಾಯಲ್ಲಿ ಹೇಳಿಸಿ, ನಾಲಿಗೆಗೆ ರೂಢಿಯಾಗಬೇಕು. ಇಷ್ಟಾದರೂ ಓಟಿ ತಪ್ಪಬಹುದು, ಕೆಟ್ಟ ಮಷಿನ್‌ಗೆ ಹಾಕಬಹುದು. "ಕರ್ತನು ನೋಡಿಕೊಳ್ತಾನೆ" ಅಂತ ಬೆನ್ನು ತಟ್ಟಿ ಕಳಿಸಬೇಡಿ. ಓಟಿ ಹೋದ ತಿಂಗಳು ಅವನ ಮನೆ ಬಾಡಿಗೆಗೆ ಎಷ್ಟು ಕಡಿಮೆ ಬಿತ್ತು ಅಂತ ಕೂಟಕ್ಕೆ ಗೊತ್ತಿರಬೇಕು.

ಸ್ಟಾಫ್ ನರ್ಸ್, ಮೈಸೂರು

ಆಸ್ಪತ್ರೆಯಲ್ಲಿ ಈ 25.00ರ ತಂಗಿ ಒಬ್ಬಳಿದ್ದಾಳೆ: ಉಸಿರಾಟ 18. ಚಾರ್ಟ್ ತೆಗೆದರೆ ವಾರ್ಡಿನವರೆಲ್ಲಾ ನಿಮಿಷಕ್ಕೆ 18, ಇಲ್ಲವೇ 20. ಬಿಪಿ, ಪಲ್ಸ್ ಮಷಿನ್ ಕೊಡುತ್ತೆ, ಉಸಿರನ್ನು ಕಣ್ಣಲ್ಲೇ ಎಣಿಸಬೇಕು, ಅದಕ್ಕೆ ಯಾರಿಗೂ ಪುರುಸೊತ್ತಿಲ್ಲ. ರೋಗಿ ಹದಗೆಡುವಾಗ ಅನೇಕ ಸಲ ಮೊದಲು ಏರುವುದು ಅದೇ. ನಿಮ್ಮ ನರ್ಸಿಂಗ್ ಹುಡುಗಿಯರಿಗೆ ಹೇಳಿ: ಪಲ್ಸ್ ನೋಡಿದ ಮೇಲೆ ಬೆರಳು ತೆಗೆಯದೆ, ಕಣ್ಣನ್ನು ಎದೆಯ ಮೇಲಿಟ್ಟು ಪೂರ್ತಿ 60 ಸೆಕೆಂಡ್ ಎಣಿಸಿ. ಉಸಿರು ಎಣಿಸ್ತಿದ್ದಾರೆ ಅಂತ ಗೊತ್ತಾದರೆ ರೋಗಿಯ ಉಸಿರಾಟವೇ ಬದಲಾಗುತ್ತೆ. ಕೊಲೊಸ್ಸೆ 3:23ನ್ನು (ಏನು ಮಾಡಿದರೂ ಮನುಷ್ಯರಿಗಲ್ಲ, ಕರ್ತನಿಗೆ ಅಂತ ಮನಸಾರೆ ಮಾಡಿ) ಆ ಒಂದು ನಿಮಿಷಕ್ಕೆ ಕಟ್ಟಿಕೊಟ್ಟರೆ ಸಾಕು.

ಪ್ರಾರ್ಥನೆ ವಿಷಯ. ಹಾಸಿಗೆ ಹಿಡಿದವರು ಎದ್ದು ಹೋಗೋಕೆ ಆಗಲ್ಲ, ನಮ್ಮ ಮೈಮೇಲೆ ಯೂನಿಫಾರ್ಮ್ ಇರುತ್ತೆ. ಅವರಾಗಿ ಕೇಳದೆ ಪ್ರಾರ್ಥನೆ ಮಾಡ್ಲಾ ಅನ್ನುವುದಾಗಲಿ, ಕರಪತ್ರ ಇಡುವುದಾಗಲಿ ಬೇಡ. ಕೇಳಿದರೆ ಒಂದೆರಡು ವಾಕ್ಯ. ನೆಹೆಮೀಯ 2:4ರಲ್ಲಿ ಅರಸನು ಕೇಳಿದ್ದಕ್ಕೆ ಉತ್ತರ ಕೊಡುವ ಮುಂಚೆ ನೆಹೆಮೀಯ ನಿಂತಲ್ಲೇ ಮಾಡಿದ ಪ್ರಾರ್ಥನೆ ಇದೆಯಲ್ಲ, ಡ್ಯೂಟಿಯಲ್ಲಿ ನಮಗಾಗೋದು ಅಷ್ಟೇ ಉದ್ದದ್ದು.

ರಜೆಗೆ ಜಗಳ ಬೇಡ. ರೋಸ್ಟರ್ ಹಾಕುವುದಕ್ಕೆ ಎರಡು ವಾರ ಮುಂಚೆಯೇ "ಯುಗಾದಿ, ದೀಪಾವಳಿ ಡ್ಯೂಟಿ ನಾನು ಮಾಡ್ತೀನಿ ಸಿಸ್ಟರ್, ಗುಡ್ ಫ್ರೈಡೇ, ಕ್ರಿಸ್‌ಮಸ್ ಬಿಡಿಸಿಕೊಡಿ" ಅಂದರೆ ಸಾಮಾನ್ಯವಾಗಿ ಸಿಗುತ್ತೆ. ಡಿಸೆಂಬರ್ 23ಕ್ಕೆ ಕೇಳಿದರೆ ಸಿಗಲ್ಲ, ಸಿಗಲೂಬಾರದು.

ಲೆಕ್ಕಪತ್ರ ನೋಡುವವರು, ಹಾಸನ

ಯಾಕೋಬ 5:4 (ತಡೆಹಿಡಿದ ಕೂಲಿ ಕೂಗಿಕೊಳ್ಳುತ್ತೆ ಅನ್ನೋ ಮಾತು) ಓದಿಸುವ ದಿನ ಎಲ್ಲರೂ ತಮ್ಮ ಸಂಬಳದ ಚೀಟಿ ತರಲಿ. ಓದೋಕೆ ಬರುವವರು ಕಡಿಮೆ. ಇಎಸ್‌ಐ (ಕಾರ್ಮಿಕರ ಚಿಕಿತ್ಸೆಯ ವಿಮೆ) ಕಡಿತ ಸಂಬಳದ ಶೇ 0.75, ಅಂದರೆ 14,000ಕ್ಕೆ 105 ರೂಪಾಯಿ. ಪಿಎಫ್ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಮೇಲೆ ಶೇ 12. ಅವೆರಡೂ ಸೇರಿ 12,000 ಇದ್ದರೆ 1,440. ಚೀಟಿಯಲ್ಲಿ ಕಡಿದ ಪಿಎಫ್ ಖಾತೆಗೆ ಬಿದ್ದಿದೆಯೇ ಅಂತ ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ನೋಡಿಸಿ. ಹಿಂದಿನ ತಿಂಗಳದ್ದನ್ನು ಮಾಲೀಕರು 15ರೊಳಗೆ ಕಟ್ಟಬೇಕು, ಆದ್ದರಿಂದ 20ರ ನಂತರ ನೋಡಿ. ಇದು ಯೌವನಸ್ಥರ ಸೇವೆಯೇ? ಹೌದು, ಗಿಟಾರ್‌ನಷ್ಟೇ.

ಕೂಟದ ದುಡ್ಡು ನಿಮ್ಮ ಫೋನ್‌ಪೇಗೆ ಬರುತ್ತಿದ್ದರೆ ಇವತ್ತೇ ನಿಲ್ಲಿಸಿ. ಸಭೆಯ ಖಾತೆ, ಇಬ್ಬರ ಎಣಿಕೆ, ಇಬ್ಬರ ಸಹಿ, 50 ರೂಪಾಯಿಗೂ ವೋಚರ್. 2 ಕೊರಿಂಥ 8:19-21ರಲ್ಲಿ ಪೌಲನೇ ಕಾಣಿಕೆ ಹಣವನ್ನು ಒಬ್ಬನೇ ಒಯ್ಯುವುದಿಲ್ಲ.

ಪಿಯುಸಿಯವರು ಇದ್ದಾರೆ ಅಂದಿರಿ. 18ರ ಕೆಳಗಿನವರಿದ್ದಲ್ಲಿ ಯಾವಾಗಲೂ ಇಬ್ಬರು ದೊಡ್ಡವರು ಇರಲಿ, ಬಾಗಿಲು ತೆರೆದಿರಲಿ, ರಾತ್ರಿ ಹೊತ್ತು ಒಬ್ಬೊಬ್ಬರಿಗೇ ಮೆಸೇಜ್ ಬೇಡ. ಲೈಂಗಿಕ ದೌರ್ಜನ್ಯದ ವಿಷಯ ಕಿವಿಗೆ ಬಿದ್ದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. "ಪಾಸ್ಟರ್ ಅಯ್ಯನವರ ಹತ್ತಿರ ಹೇಳಿ ಸರಿಮಾಡೋಣ" ಅನ್ನುವುದು ಸಲ್ಲದು.

ಮಂಗಳೂರಿನಿಂದ

ಒಂದು ಎಚ್ಚರಿಕೆ ಸೇರಿಸುತ್ತೇನೆ. 1834ರಲ್ಲಿ ಇಲ್ಲಿಗೆ ಬಂದ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್, ಕ್ರೈಸ್ತರಾಗಿ ಮನೆ, ಕಸುಬು ಕಳೆದುಕೊಂಡವರಿಗೆ ಕೆಲಸ ಕೊಡಲೇಬೇಕಾಯಿತು: 1841ರಲ್ಲಿ ಅಚ್ಚುಕೂಟ, ಮುಂದೆ ನೇಯ್ಗೆ, 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಶುರುಮಾಡಿದ ಹಂಚಿನ ಕಾರ್ಖಾನೆ. ಕೈಕೆಲಸಕ್ಕೆ ಮರ್ಯಾದೆ ಬಂತು, ನಿಜ. ಆದರೆ ಸಭೆಯೂ ಅದೇ, ಸಂಬಳ ಕೊಡುವ ಧಣಿಯೂ ಅದೇ ಆದರೆ, ಕೂಲಿಯ ಬಗ್ಗೆ ತಕರಾರು ಎತ್ತುವವನು ಸಭೆಗೇ ಎದುರಾದ ಹಾಗೆ ಕಾಣುತ್ತಾನೆ. ಈಗಲೂ ಸಭೆಯ ಹಿರಿಯರ ವರ್ಕ್‌ಶಾಪಿಗೋ ಶಾಲೆಗೋ ಕೂಟದ ಹುಡುಗರನ್ನು ಸೇರಿಸುವಾಗ ಸಂಬಳ, ಸಮಯ, ರಜೆ ಮೂರನ್ನೂ ಕಾಗದದಲ್ಲಿ ಬರೆಸಿಕೊಳ್ಳಿ. "ಸೇವೆ ಅಂದ್ಕೊಂಡು ಮಾಡಪ್ಪಾ" ಅಂದರೆ ಓಟಿ ಕೊಡುವುದಿಲ್ಲ ಅಂತ ಅರ್ಥ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಶೀಟಿಗೆ ಗೆರೆ ಹಾಕಿ ಆಯ್ತು. ಇನ್ನೊಂದು: ಆಯುಧಪೂಜೆ ದಿನ ಏನು ಮಾಡಬೇಕು? ಪ್ರತಿ ವರ್ಷ ಇದೇ ಜಗಳ.

ಧಾರವಾಡದಿಂದ

ಪ್ರಸಾದದ ಬಗ್ಗೆ ಒಂದ ಉತ್ತರ ಹುಡುಕಬ್ಯಾಡ್ರಿ. 1 ಕೊರಿಂಥ 8 ಮತ್ತ 10 ಎರಡೂ ಓದಸ್ರಿ, ವಿಗ್ರಹಕ್ಕ ಅರ್ಪಿಸಿದ ಊಟದ ಮಾತು ಅಲ್ಲೇ ಅದ, ಅವರವರ ಮನಸ್ಸಾಕ್ಷಿ. ತಿಂದಾಂವ ತಿನ್ನದವನ್ನ ಹಂಗಸಬಾರದು, ತಿನ್ನದಾಂವ ತಿಂದವನ್ನ ಹಂಗಸಬಾರದು.

ತುಮಕೂರು

ಪ್ರಸಾದದ ವಿಷಯದಲ್ಲಿ ನಾನು ಸ್ವಲ್ಪ ಬಿಗಿ: 1 ಕೊರಿಂಥ 10:28ರ ಪ್ರಕಾರ ಇದು ಅರ್ಪಿಸಿದ್ದು ಅಂತ ಗೊತ್ತಾದ ಮೇಲೆ ಬೇಡ ಅನ್ನುವುದೇ ಸರಿ, ಆದರೆ ನಗುತ್ತಾ. ಆ ದಿನ ರಜೆ ಹಾಕಿ ತಪ್ಪಿಸಿಕೊಳ್ಳುವುದಂತೂ ಬೇಡ. ಹಿಂದಿನ ದಿನ ಮಷಿನ್ ಬಿಚ್ಚಿ, ಚಿಪ್ಸ್ (ಲೋಹದ ಚೂರು) ತೆಗೆದು, ಸ್ಲೈಡ್‌ವೇ (ಮಷಿನ್ ಭಾಗ ಜಾರುವ ಹಾದಿ) ಒರೆಸಿ ಎಣ್ಣೆ ಹಾಕುವ ಕೆಲಸದಲ್ಲಿ ಎಲ್ಲರಿಗಿಂತ ಮುಂದಿರಲಿ. ಆರತಿ ತಾನು ಎತ್ತುವುದಿಲ್ಲ ಅಂತ ಫೋರ್‌ಮನ್‌ಗೆ ವಾರ ಮುಂಚೆ ಒಬ್ಬರೇ ಇದ್ದಾಗ ಹೇಳಲಿ, ತಟ್ಟೆ ಕೈಗೆ ಬಂದಾಗ ಅಲ್ಲ. ಪೂಜೆ ಆದ ಮೇಲೆ ಗೇಟಿನ ಮುಂದೆ ಒಡೆದ ಕುಂಬಳಕಾಯಿ ಚೂರು ಹಾಗೇ ಬಿದ್ದಿರುತ್ತೆ, ಸಂಜೆ ಬೈಕ್‌ನವರು ಜಾರಿ ಬೀಳುತ್ತಾರೆ. ಪೊರಕೆ, ಬಾಂಡ್ಲಿ ತಗೊಂಡು ಅದನ್ನು ಬಳಿಯೋರು ಯಾರೂ ಇರಲ್ಲ. ಆ ಕೆಲಸ ನಿಮ್ಮ ಹುಡುಗರು ವಹಿಸಿಕೊಳ್ಳಲಿ.