ಜೆಟ್ಟಿ ಇಲ್ಲದ ಕೆರೆಯಲ್ಲಿ ರಾತ್ರಿ ದೋಣಿ ಎಲ್ಲಿ, ಹೇಗೆ ಕಟ್ಟೋದು?

ಕೆರೆಬದಿ:
ಬೆಂಗಳೂರಿನ ಉತ್ತರ ಭಾಗದ ಮಧ್ಯಮ ಗಾತ್ರದ ಕೆರೆ. ಜಲಕಳೆ ತೆಗೆಯೋಕೆ, ನೀರಿನ ಸ್ಯಾಂಪಲ್ ಹಿಡಿಯೋಕೆ 12 ಅಡಿಯ ಫೈಬರ್ ದೋಣಿ ಇದೆ. ತೂಕ ಸುಮಾರು 90 ಕಿಲೋ, ಮೋಟರ್ ಇಲ್ಲ, ಎರಡು ಹುಟ್ಟು ಅಷ್ಟೇ. ಅನುಮತಿ ಪತ್ರ ಇದೆ. ಕೆಲಸ ಶನಿವಾರ ಮತ್ತು ಭಾನುವಾರ, ನಡುವಿನ ರಾತ್ರಿ ದೋಣಿ ಅಲ್ಲೇ ಇರಬೇಕು.

ಪೂರ್ವಕ್ಕೆ ಏರಿ, ಅದಕ್ಕೆ ಕಲ್ಲು ಪಿಚ್ಚಿಂಗ್. ಪಶ್ಚಿಮಕ್ಕೆ ಮಣ್ಣಿನ ಇಳಿಜಾರು, ದಂಡೆಯಲ್ಲಿ ಎರಡು ದಪ್ಪ ಹೊಂಗೆ ಮರ. ಅಲ್ಲಿಂದ 15 ಮೀಟರ್ ಒಳಗೆ ಹೋದರೆ 2 ಮೀಟರ್ ಆಳ, ತಳದಲ್ಲಿ ಮೊಣಕಾಲುದ್ದ ಹೂಳು. ಈಗಿನ ನೀರಿನ ಮಟ್ಟ ಕೋಡಿಗಿಂತ ಸುಮಾರು 70 ಸೆಂ.ಮೀ. ಕೆಳಗಿದೆ.

ಸದ್ಯಕ್ಕೆ ಏರಿ ಕಡೆ, ಹಿಂದೆ ಮುಂದೆ ಎರಡೂ ತುದಿಯನ್ನು 8 ಎಂಎಂ ಪ್ಲಾಸ್ಟಿಕ್ ಹಗ್ಗದಲ್ಲಿ ಬಿಗಿಯಾಗಿ ಕಟ್ಟುತ್ತಿದ್ದೇವೆ. ದೋಣಿಯ ಪಕ್ಕ ಕಲ್ಲಿಗೆ ಉಜ್ಜಿ ಮೇಲಿನ ಕೋಟಿಂಗ್ ಹೋಗ್ತಿದೆ, ಮಳೆ ಬಂದ ರಾತ್ರಿ ಒಳಗೆಲ್ಲ ನೀರು. ಲಂಗರು ತರಬೇಕಾ? ಎಷ್ಟು ತೂಕದ್ದು? ಯಾವ ಹಗ್ಗ? ಕಳ್ಳತನದ ಭಯವೂ ಇದೆ.

ಉರುಳೆ:
ಮೊದಲು ಒಂದು ಮಾತು. ನಾಲ್ಕು ಜನ ಇದ್ದರೆ ನೀರಲ್ಲಿ ಬಿಡಲೇಬೇಡಿ. 90 ಕಿಲೋ ದೋಣಿಯನ್ನು ಮಣ್ಣಿನ ದಂಡೆ ಮೇಲೆ ಎಳೆಯೋದು ಹತ್ತು ನಿಮಿಷದ ಕೆಲಸ. 110 ಎಂಎಂ ಪಿವಿಸಿ ಪೈಪ್‌ನಲ್ಲಿ ಒಂದೂವರೆ ಮೀಟರ್‌ನ ಮೂರು ತುಂಡು ಕತ್ತರಿಸಿಟ್ಟುಕೊಳ್ಳಿ. ತೆಳು ಡ್ರೈನೇಜ್ ಪೈಪ್ ಬೇಡ, ಚಪ್ಪಟೆ ಆಗುತ್ತೆ. ಪ್ರೆಶರ್ ಪೈಪ್ ತಗೊಳ್ಳಿ. ಮೂತಿ ಕೆಳಗೆ ಒಂದು, ಅದರ ಮುಂದೆ ಒಂದು ಮೀಟರ್ ಬಿಟ್ಟು ಇನ್ನೊಂದು. ಹಿಂದೆ ಹೊರಬಂದ ಪೈಪನ್ನು ಎತ್ತಿ ಮತ್ತೆ ಮುಂದಕ್ಕೆ ಹಾಕುತ್ತಾ ಹೋಗೋದು.

ಎಷ್ಟು ಮೇಲಕ್ಕೆ ಅನ್ನೋದನ್ನು ಕೋಡಿ ಹೇಳುತ್ತೆ. ಕೆರೆ ತುಂಬಿದಾಗ ನೀರು ಕೋಡಿಯ ನೆತ್ತಿ ದಾಟಿ ಹರಿಯುತ್ತೆ, ಜೋರು ಮಳೆಯಲ್ಲಿ ಅದರ ಮೇಲೂ ಒಂದಡಿ ನಿಲ್ಲಬಹುದು. ನಿಮ್ಮ ಲೆಕ್ಕಕ್ಕೆ ಈಗಿನ ಮಟ್ಟಕ್ಕಿಂತ 1 ಮೀಟರ್ ಎತ್ತರ. ರಾಜಕಾಲುವೆ ನೀರು ಬೀಳುವ ನಗರದ ಕೆರೆ ಒಂದೇ ರಾತ್ರಿಯಲ್ಲಿ ಏರುತ್ತೆ, "ಇಷ್ಟು ದೂರ ಬರಲ್ಲ ಬಿಡಿ" ಅಂದುಕೊಳ್ಳಬೇಡಿ.

ಮೇಲೆ ತಂದ ಮೇಲೆ ಮಗುಚಿ ಹಾಕಿ, ಎರಡು ಮರದ ದಿಮ್ಮಿ ಮೇಲೆ ಅಂಚು ಕೂರಿಸಿ, ಮರಕ್ಕೆ ಕಟ್ಟಿ. ಬೋರಲು ಹಾಕಿದ ಹಗುರ ದೋಣಿಯನ್ನೂ ಗಾಳಿ ಎತ್ತಬಲ್ಲದು. ಬೆಳಗ್ಗೆ ಅಂಚಿಗೆ ಕೈ ಹಾಕುವ ಮುಂಚೆ ಒಂದು ಕೋಲಿನಿಂದ ಮೀಟಿ ಎತ್ತಿ ಒಳಗೆ ನೋಡಿ. ಹಾವು, ಕಣಜ ಎರಡಕ್ಕೂ ಅಂಥ ಜಾಗ ಇಷ್ಟ.

(ಹರಿಗೋಲಾಗಿದ್ದರೆ ಈ ಪ್ರಶ್ನೆಯೇ ಇರ್ತಿರಲಿಲ್ಲ. ಬೋರಲು ಮಾಡಿ ತಲೆ ಮೇಲೆ ಹೊತ್ತುಕೊಂಡು ಹೋಗೋದು.)

ಕೆರೆಬದಿ:
ಉರುಳೆ ಸರ್, ಸಂಜೆ ಹೊತ್ತಿಗೆ ಇಬ್ಬರೇ ಉಳಿಯೋದು, ಅದರಲ್ಲಿ ಒಬ್ಬರಿಗೆ ಅರವತ್ತು ದಾಟಿದೆ. ಎಳೆಯೋಕೆ ಆಗಲ್ಲ. ನೀರಲ್ಲೇ ಬಿಡಬೇಕು ಅಂದರೆ?

ತೇಲುಬುಂಡೆ:
ಹಾಗಾದರೆ ಮೊದಲು ಏರಿ ಬಿಟ್ಟು ಪಶ್ಚಿಮದ ದಂಡೆಗೆ ಬನ್ನಿ. ಬೆಂಗಳೂರಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಶ್ಚಿಮದಿಂದ. ಅಲೆ, ಕಸ, ಅಂತರಗಂಗೆ ಎಲ್ಲ ಹೋಗಿ ಬಡಿಯೋದು ಪೂರ್ವದ ಅಂಚಿಗೆ, ಅಂದರೆ ನೀವು ಈಗ ಕಟ್ಟುತ್ತಿರುವ ಕಲ್ಲಿಗೇ. ಪಶ್ಚಿಮದ ದಂಡೆಯಲ್ಲಿ ಅದೇ ಗಾಳಿ ದೋಣಿಯನ್ನು ದಡದಿಂದ ಆಚೆಗೆ ತಳ್ಳುತ್ತೆ, ಅಲೆ ಏಳೋಕೆ ಜಾಗವೇ ಇರಲ್ಲ. ನವೆಂಬರ್ ಬಂತು ಅಂದರೆ ಗಾಳಿ ಪೂರ್ವಕ್ಕೆ ತಿರುಗುತ್ತೆ, ಆಗ ಲೆಕ್ಕ ಉಲ್ಟಾ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ದಿಕ್ಕೇ ಇಲ್ಲ.

ಎರಡೂ ತುದಿ ಬಿಗಿಯಾಗಿ ಕಟ್ಟೋದು ಎರಡನೇ ತಪ್ಪು. ಗಂಟೆಗೆ 70 ಕಿ.ಮೀ. ಗಾಳಿಯ ಒತ್ತಡ ಚದರ ಮೀಟರ್‌ಗೆ ಸುಮಾರು 23 ಕಿಲೋ. ನಿಮ್ಮ ದೋಣಿಯ ಪಕ್ಕಕ್ಕೆ ಸಿಕ್ಕಿದರೆ 37 ಕಿಲೋ ತಳ್ಳುವಿಕೆ, ಮೂತಿಗೆ ಸಿಕ್ಕಿದರೆ 14. ಮೂತಿಯಿಂದ ಮಾತ್ರ ಕಟ್ಟಿದ ದೋಣಿ ತಾನೇ ಗಾಳಿಗೆ ಮುಖ ಮಾಡಿ ನಿಲ್ಲುತ್ತೆ. ಎರಡು ಕಡೆ ಕಟ್ಟಿದ್ದಕ್ಕೆ ತಿರುಗೋ ದಾರಿ ಇಲ್ಲ. ಹಗ್ಗ ನೆಟ್ಟಗೆ ಬಿಗಿದಿದ್ದರೆ ಪಕ್ಕದ ತಳ್ಳುವಿಕೆಗೆ ಹಗ್ಗದಲ್ಲಿ ಬರುವ ಎಳೆತ ಎರಡು ಮೂರು ಪಟ್ಟಾಗುತ್ತೆ. ಸಾಲದ್ದಕ್ಕೆ ನೀರು ಏರಿದರೆ ಹಗ್ಗ ಅಂಚನ್ನು ಕೆಳಗೆ ಹಿಡಿದುಕೊಂಡು ದೋಣಿಗೆ ನೀರು ಕುಡಿಸುತ್ತೆ.

ಕಯಾಕ್ ಜೊತೆ ಮಾರುವ ನಾಲ್ಕು ಕೊಕ್ಕೆಯ ಮಡಚುವ ಲಂಗರು ಈ ಹೂಳಿಗೆ ನಾಲಾಯಕ್ಕು. ಮೆತ್ತನೆಯ ಕೆಸರಲ್ಲಿ ಗೆರೆ ಎಳೆದುಕೊಂಡು ಬರುತ್ತೆ, ಕೊಕ್ಕೆ ತುಂಬ ಜೊಂಡು ಸಿಕ್ಕಿಕೊಂಡರೆ ಅದೂ ಇಲ್ಲ. ಪ್ರತಿ ವಾರ ಒಂದೇ ಜಾಗ ಅಂದಮೇಲೆ ಕಾಂಕ್ರೀಟ್ ಗುಂಡು ಹಾಕಿಬಿಡಿ. ಅಗಲ ಹಲಗೆಯ ಡ್ಯಾನ್‌ಫೋರ್ತ್ ಮಾದರಿ ಲಂಗರೂ ಹೂಳಿಗೆ ಒಳ್ಳೆಯದೇ, ಆದರೆ ಗಾಳಿ ದಿಕ್ಕು ಬದಲಾದಾಗ ಕಿತ್ತುಬಂದು ಮತ್ತೆ ಕಚ್ಚಬೇಕು. ಆ ಹೊತ್ತಲ್ಲಿ ನೋಡೋಕೆ ನೀವು ಅಲ್ಲಿರಲ್ಲ.

ಗುಂಡಿಗೆ ಬೇಕಾದ್ದು 20 ಲೀಟರ್‌ನ ಎರಡು ಪೇಂಟ್ ಬಕೆಟ್. ಒಂದು ಪಾಲು ಸಿಮೆಂಟ್, ಎರಡು ಎಂ-ಸ್ಯಾಂಡ್, ನಾಲ್ಕು 20 ಎಂಎಂ ಜಲ್ಲಿ. ಎರಡಕ್ಕೂ ಸೇರಿ 15 ಕಿಲೋ ಸಿಮೆಂಟ್ ಧಾರಾಳ. 16 ಎಂಎಂ ಕಂಬಿಯನ್ನು ಯು ಆಕಾರಕ್ಕೆ ಬಗ್ಗಿಸಿ, ಕಾಲುಗಳ ತುದಿಯನ್ನು ಹೊರಕ್ಕೆ ಮಡಚಿ, ಬಕೆಟ್‌ನ ಮುಕ್ಕಾಲು ಆಳಕ್ಕೆ ಇಳಿಸಿ. ಏಳು ದಿನ ನೀರು ಹಾಕಿ ಕ್ಯೂರ್ ಮಾಡಿ. ಒಂದೊಂದು 48 ಕಿಲೋ ಬರುತ್ತೆ, ಎರಡು ಸೇರಿ 96. ಆದರೆ ನೀರೊಳಗೆ ಅದರ ತೂಕ 56 ಕಿಲೋ ಮಾತ್ರ. ಬಹಳ ಜನ ಎಡವೋದು ಇಲ್ಲೇ: ದಡದಲ್ಲಿ ಎತ್ತೋಕಾಗದ ಗುಂಡು ನೀರಿಗೆ ಬಿದ್ದ ಕೂಡಲೇ ಹತ್ತಿರತ್ತಿರ ಅರ್ಧದಷ್ಟು ಹಗುರ.

ಎರಡನ್ನೂ ಒಂದು ಮೀಟರ್ ಸರಪಳಿಯಿಂದ ಜೋಡಿಸಿ. ಅಲ್ಲಿಂದ ಮೇಲಕ್ಕೆ 8 ಎಂಎಂ ಜಿಐ ಸರಪಳಿ 3 ಮೀಟರ್, ಒಂದು ಸ್ವಿವೆಲ್ (ಹಗ್ಗ ಹುರಿಗೊಳ್ಳದಂತೆ ತಾನೇ ತಿರುಗುವ ಕೊಂಡಿ), ಆಮೇಲೆ 10 ಎಂಎಂ ನೈಲಾನ್ ಹಗ್ಗ ಆರೂವರೆ ಮೀಟರ್. ಉದ್ದದ ಲೆಕ್ಕ ಹೀಗೆ: ಆಳ 2 ಮೀಟರ್, ಕೋಡಿ ಮಟ್ಟಕ್ಕೆ 0.7, ಮೂತಿಯ ಎತ್ತರ 0.4, ಒಟ್ಟು 3.1, ಅದರ ಮೂರರಷ್ಟು. ಉದ್ದ ಕಮ್ಮಿಯಾದರೆ ಎಳೆತ ಮೇಲ್ಮುಖವಾಗಿ ಗುಂಡು ಕುಪ್ಪಳಿಸುತ್ತೆ. ದೋಣಿ ಸುತ್ತುವ ವೃತ್ತದ ತ್ರಿಜ್ಯ 13 ಮೀಟರ್ ಆಸುಪಾಸು, ಗುಂಡು ದಂಡೆಯಿಂದ 15 ಮೀಟರ್‌ನಲ್ಲಿದ್ದರೆ ಯಾವ ಕಡೆ ತಿರುಗಿದರೂ ದಡಕ್ಕೆ ಬಡಿಯಲ್ಲ.

ಇವನ್ನೆಲ್ಲ ಜೋಡಿಸುವ ಶಾಕಲ್‌ಗಳ (ಪಿನ್ ಹಾಕಿ ಮುಚ್ಚುವ ಕಬ್ಬಿಣದ ಕೊಂಡಿ) ಪಿನ್ನಿಗೆ ಜಿಐ ತಂತಿ ಸುತ್ತಿ, ಇಲ್ಲವಾದರೆ ಅಲ್ಲಾಡಿ ಅಲ್ಲಾಡಿ ಬಿಚ್ಚಿಕೊಳ್ಳುತ್ತೆ. ಹಗ್ಗ ಅಂಚಿಗೆ ತಾಗುವ ಕಡೆ ಒಂದಡಿ ಹೋಸ್ ಪೈಪ್ ತೊಡಿಸಿ. ನಿಮ್ಮ 8 ಎಂಎಂ ಪ್ಲಾಸ್ಟಿಕ್ ಹಗ್ಗ ಶಕ್ತಿಯಲ್ಲಿ ಕಮ್ಮಿಯೇನಲ್ಲ. ಆದರೆ ಬಿಸಿಲಿಗೆ ಪುಡಿಯಾಗುತ್ತೆ, ನೀರ ಮೇಲೆ ತೇಲಿ ಕಳೆಯನ್ನೆಲ್ಲ ಹಿಡಿಯುತ್ತೆ, ಹಿಗ್ಗಲ್ಲ. ನೈಲಾನ್ ಮುಳುಗುತ್ತೆ, ಜಗ್ಗಿದಾಗ ಹಿಗ್ಗಿ ಹೊಡೆತ ನುಂಗುತ್ತೆ. ಎಲ್ಲ ಸಾಮಾನೂ ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲೇ ಹುಡುಕಿ, ಹಗ್ಗ ಮಾತ್ರ ಬಿಚ್ಚಿ ಎಳೆ ನೋಡಿ ತಗೊಳ್ಳಿ.

ಗುಂಡನ್ನು ದೋಣಿ ಅಂಚಿನ ಮೇಲಿಂದ ಎತ್ತಿ ಎಸೆಯೋಕೆ ಹೋಗಬೇಡಿ, ದೋಣಿ ಮಗುಚುತ್ತೆ. ದಡದ ಹತ್ತಿರ ಸೊಂಟದಾಳ ನೀರಲ್ಲಿ ಒಂದು ಗುಂಡಿಗೆ ಮುಚ್ಚಳ ಬಿಗಿದ 20 ಲೀಟರ್ ಖಾಲಿ ಕ್ಯಾನ್ ಎರಡು ಕಟ್ಟಿ. ನೀರಲ್ಲಿ ಗುಂಡಿನ ತೂಕ 28 ಕಿಲೋ, ಕ್ಯಾನ್‌ಗಳು 38 ಕಿಲೋವರೆಗೆ ಹೊರುತ್ತವೆ, ತೇಲುತ್ತೆ. ದೋಣಿಯಿಂದ ಮೆಲ್ಲಗೆ ಎಳೆದೊಯ್ದು ಜಾಗದಲ್ಲಿ ಹಗ್ಗ ಕತ್ತರಿಸಿ. ಎರಡನೆಯದನ್ನೂ ಹಾಗೇ ಒಯ್ದು, ಬಿಡುವ ಮುಂಚೆ ಸರಪಳಿ ಜೋಡಿಸಿಕೊಳ್ಳಿ. ಕೆಲಸ ಆದ ಮೇಲೆ ಒಂದು ಕ್ಯಾನನ್ನು ಹಗ್ಗದ ತುದಿಗೆ ಬುಂಡೆಯಾಗಿ ಬಿಟ್ಟರಾಯಿತು.

ಕೆರೆಬದಿ:
ಅರ್ಥ ಆಯ್ತು ಸರ್. ಆದರೆ 15 ಮೀಟರ್ ಒಳಗೆ ಕಟ್ಟಿ ದಡಕ್ಕೆ ಬರೋದು ಹೇಗೆ? ಇನ್ನೊಂದು ದೋಣಿ ಇಲ್ಲ. ಹೂಳಲ್ಲಿ ನಡೆಯೋದಾ?

ಸರ್ವೆಕಂಬ:
ನಡೆಯಬೇಡಿ. ಮೊಣಕಾಲು ಹೂಳು ಅಂತ ಕಾಣೋದು ಎರಡು ಹೆಜ್ಜೆ ಆಚೆ ಸೊಂಟದವರೆಗೆ ಇರಬಹುದು. ಸಂಜೆ ಹೊತ್ತಲ್ಲಿ ಇಬ್ಬರೇ ಇದ್ದಾಗ ಅಂತೂ ಬೇಡವೇ ಬೇಡ.

ತೇಲುಬುಂಡೆಯವರ ಲೆಕ್ಕ ಸರಿ, ಆದರೆ ಒಂದೇ ದೋಣಿ ಇರುವವರಿಗೆ ಅದು ಅರ್ಧ ಉತ್ತರ. ನಿಮಗೆ ಸುಲಭದ್ದು ಕಂಬ. ಅಂಗೈ ಅಗಲ ದಪ್ಪದ ಸರ್ವೆ ಕಂಬ, 4 ಮೀಟರ್ ಉದ್ದದ್ದು. ದಂಡೆಯಿಂದ 8 ಮೀಟರ್‌ನಲ್ಲಿ, 1 ಮೀಟರ್ ಆಳ ಇರುವ ಕಡೆ ನೆಡಿ. ಅರ್ಧ ಮೀಟರ್ ಹೂಳು ಲೆಕ್ಕಕ್ಕಿಲ್ಲ, ಅದರ ಕೆಳಗಿನ ಗಟ್ಟಿ ಮಣ್ಣಲ್ಲಿ ಇನ್ನೂ 90 ಸೆಂ.ಮೀ. ಹೋಗಬೇಕು. ನೀರ ಮೇಲೆ 1.6 ಮೀಟರ್ ಉಳಿಯುತ್ತೆ, ಕೆರೆ ಕೋಡಿ ಬಿದ್ದರೂ ಅರ್ಧ ಮೀಟರ್ ಕಾಣುತ್ತೆ. ನೆಡೋಕೆ ಸರಿಯಾದ ಕಾಲ ಬೇಸಿಗೆ ಕೊನೆ, ನೀರು ಹಿಂದೆ ಸರಿದಿರುವಾಗ. ಕೆರೆ ಯಾರ ಸುಪರ್ದಿಯಲ್ಲಿದೆಯೋ ಅವರನ್ನು ಇದಕ್ಕೆ ಬೇರೆಯಾಗಿ ಕೇಳಿ. ಏರಿ ಮೇಲೆ ಮಾತ್ರ ಗೂಟ ಹೊಡೆಯಬೇಡಿ, ಅನುಮತಿ ಸಿಕ್ಕರೂ ಬೇಡ. ಆ ತೂತಲ್ಲೇ ನೀರು ಜಿನುಗೋಕೆ ಶುರುವಾಗುತ್ತೆ.

ಕಂಬಕ್ಕೆ ಹಳೆಯ ಸ್ಕೂಟರ್ ಟೈರ್ ತೊಡಿಸಿ, ಟೈರ್‌ಗೆ ಒಂದು ಡಿ ಶಾಕಲ್, ಜೊತೆಗೆ ಐದು ಲೀಟರ್‌ನ ಖಾಲಿ ಕ್ಯಾನ್. ನೀರು ಏರಿದಂತೆ ಟೈರ್ ತಾನೇ ಮೇಲೆ ಬರುತ್ತೆ. ಬಿಗಿ ಕಬ್ಬಿಣದ ಬಳೆ ಹಾಕಿದರೆ ಓರೆಯಾಗಿ ಸಿಕ್ಕಿಕೊಳ್ಳುತ್ತೆ. ಕಂಬದ ತುದಿಗೆ ಅಡ್ಡಪಟ್ಟಿ ಹೊಡೆಯಿರಿ, ಟೈರ್ ಕಳಚಿ ಹೋಗಬಾರದು.

ಈಗ ಹಗ್ಗ, 10 ಎಂಎಂ ನೈಲಾನ್ 30 ಮೀಟರ್. ಮೂತಿಗೆ ಕಟ್ಟಿದ ಹಗ್ಗ ಕಂಬದ ಶಾಕಲ್ ಒಳಗೆ ತೂರಿ ವಾಪಸ್ ದಡಕ್ಕೆ ಬರುತ್ತೆ. ದೋಣಿಯ ಹಿಂಭಾಗಕ್ಕೆ ಕಟ್ಟಿದ ಇನ್ನೊಂದು ನೇರ ದಡಕ್ಕೆ. ದಡದಲ್ಲಿ ಇಳಿದು, ದೋಣಿ ಖಾಲಿ ಮಾಡಿ, ಮೊದಲನೇ ಹಗ್ಗ ಎಳೆದರೆ ದೋಣಿ ಕಂಬದ ಕಡೆ ಹೋಗುತ್ತೆ. ಮೂತಿ ಕಂಬಕ್ಕೆ ಒಂದು ಮೀಟರ್ ಇರುವಾಗ ನಿಲ್ಲಿಸಿ ಎರಡೂ ಹಗ್ಗವನ್ನು ಬೇರೆ ಬೇರೆ ಹೊಂಗೆ ಮರಕ್ಕೆ ಕಟ್ಟಿ. ಒಂದೇ ಮರಕ್ಕಾದರೆ ಎರಡೂ ಹೆಣೆದುಕೊಳ್ಳುತ್ತವೆ. ಬೆಳಗ್ಗೆ ಹಿಂದಿನ ಹಗ್ಗ ಎಳೆದರೆ ದೋಣಿ ಕಾಲ ಬಳಿ. ಎರಡಕ್ಕೂ ಒಂದು ಮೀಟರ್ ಸಡಿಲ ಇರಲಿ. ಮರಕ್ಕೆ ನೇರ ಹಗ್ಗ ಸುತ್ತಬೇಡಿ, ತೊಗಟೆ ಕೊಯ್ಯುತ್ತೆ, ನಡುವೆ ಗೋಣಿಚೀಲ ಮಡಚಿ ಇಡಿ. ಗಂಟು: ಎರಡು ಪೂರ್ತಿ ಸುತ್ತು, ಮೇಲೆ ಎರಡು ಅರ್ಧ ಕುಣಿಕೆ. ಒದ್ದೆಯಾದರೂ ಬಿಚ್ಚಲು ಬರುತ್ತೆ.

ತೇಲುಬುಂಡೆ:
ಸರ್ವೆಕಂಬ ಅವರ ಉಪಾಯ ಒಪ್ಪಿದೆ, ಒಂದು ತಕರಾರು ಮಾತ್ರ. ದಡಕ್ಕೆ ಬರುವ ಎರಡು ಹಗ್ಗದ ನಡುವೆ ತೇಲುವ ಕಳೆ ಬಂದು ಕೂತರೆ ಬಲೆ ಹಾಕಿದ ಹಾಗೆ. ಅಂತರಗಂಗೆಯ ದಟ್ಟ ಹಾಸು ಚದರ ಮೀಟರ್‌ಗೆ 20 ಕಿಲೋ ಮೀರಬಹುದು, ಒಂದು ಕೋಣೆಯಷ್ಟಗಲ ಬಂದರೆ ಗಾಳಿಗಿಂತ ಅದೇ ದೊಡ್ಡ ಹೊರೆ. ಜೂನ್-ಸೆಪ್ಟೆಂಬರ್‌ನಲ್ಲಿ ಪಶ್ಚಿಮ ದಂಡೆಯಲ್ಲಿ ಈ ಕಾಟ ಕಮ್ಮಿ. ನವೆಂಬರ್ ನಂತರ ಕಳೆ ನಿಮ್ಮ ಕಡೆಗೇ ಬರುತ್ತೆ, ಆಗ ಜಾಗ ಬದಲಿಸಿ ಇಲ್ಲವೇ ನಾಲ್ಕು ಜನ ಹುಡುಕಿ ಮೇಲಕ್ಕೆ ಎಳೆಯಿರಿ.

ತೂಬಿನ ಹತ್ತಿರ, ಕೋಡಿಯ ಹತ್ತಿರ ಯಾವ ಕಾಲಕ್ಕೂ ಬೇಡ. ಮಳೆ ರಾತ್ರಿ ಸೆಳೆತ ಅತ್ತ ಕಡೆಗೇ.

ಟಾರ್ಪಾಲು:
ದೋಣಿಯೊಳಗಿನ ನೀರಿನ ವಿಷಯ ಯಾರೂ ಮುಟ್ಟಲಿಲ್ಲ. ಒಂದು ಮಿ.ಮೀ. ಮಳೆ ಅಂದರೆ ಚದರ ಮೀಟರ್‌ಗೆ ಒಂದು ಲೀಟರ್. ನಿಮ್ಮ ದೋಣಿಯ ಬಾಯಿ ಸುಮಾರು 3 ಚದರ ಮೀಟರ್, 50 ಮಿ.ಮೀ. ಬಿದ್ದರೆ 150 ಲೀಟರ್, ಇಬ್ಬರು ದೊಡ್ಡವರು ಕೂತ ಹಾಗೆ. 2022ರ ಸೆಪ್ಟೆಂಬರ್ 4-5ರ ರಾತ್ರಿ ನಗರದಲ್ಲಿ ಬಿದ್ದದ್ದು 131.6 ಮಿ.ಮೀ., ಅಂದರೆ 395 ಲೀಟರ್. ಆ ನೀರು ಸುಮ್ಮನೆ ಇರಲ್ಲ, ವಾಲಿದ ಕಡೆಗೆ ಹರಿದು ಇನ್ನೂ ವಾಲಿಸುತ್ತೆ.

15×9 ಅಡಿ ಟಾರ್ಪಾಲು ಸಾಕು. ಸುಮ್ಮನೆ ಹೊದಿಸಿದರೆ ನಡುವೆ ಗುಳಿ ಬಿದ್ದು ನೀರು ನಿಂತು, ಕೊನೆಗೆ ಒಳಗೇ ಸುರಿಯುತ್ತೆ. ಮೂತಿಯಿಂದ ಹಿಂಭಾಗಕ್ಕೆ ಒಂದು ಬಿದಿರು ಹಾಯಿಸಿ ಅಂಚಿಗಿಂತ ಒಂದಡಿ ಎತ್ತರಿಸಿ, ಮನೆಯ ಮಾಡಿನ ಹಾಗೆ ಎರಡೂ ಕಡೆ ಇಳಿಬಿಡಿ. ಅದಕ್ಕಿಂತ ಎತ್ತರ ಮಾಡಿದರೆ ಹಾಯಿ ಕಟ್ಟಿದ ಹಾಗಾಗುತ್ತೆ. ಟಾರ್ಪಾಲಿನ ಹಗ್ಗವನ್ನು ದೋಣಿಯ ಹೊಟ್ಟೆಯ ಕೆಳಗಿಂದ ದಾಟಿಸಿ ಆಚೆ ಬದಿಗೆ ಕಟ್ಟಿ.

ತಳದ ಡ್ರೈನ್ ಪ್ಲಗ್: ನೀರಲ್ಲಿದ್ದಾಗ ಬಿಗಿದಿರಬೇಕು, ದಡದಲ್ಲಿ ನೆಟ್ಟಗೆ ಇಟ್ಟಾಗ ಬಿಚ್ಚಿರಬೇಕು. ಬಿಚ್ಚಿದ ಪ್ಲಗ್ಗನ್ನು ಹುಟ್ಟಿಗೆ ದಾರದಿಂದ ಕಟ್ಟಿಬಿಡಿ, ಮರೆತು ದೋಣಿ ನೀರಿಗಿಳಿಸೋದು ತಪ್ಪುತ್ತೆ. ವಾರವಿಡೀ ಒಳಗೆ ನೀರು ನಿಂತರೆ ಸೊಳ್ಳೆ ಮರಿ.

ಕಳ್ಳತನಕ್ಕೆ: ಹುಟ್ಟು, ಲೈಫ್ ಜಾಕೆಟ್, ನೀರೆತ್ತುವ ಮಗ್ ಎಲ್ಲ ಮನೆಗೆ. ಹುಟ್ಟಿಲ್ಲದ ದೋಣಿ ಯಾರಿಗೂ ಅಷ್ಟು ಬೇಡ. ಜೊತೆಗೆ 6 ಎಂಎಂ ಪಿವಿಸಿ ಹೊದಿಕೆಯ ವೈರ್ ರೋಪ್ ಒಂದನ್ನು ದೋಣಿಯ ಮೂತಿಯ ಬಳೆಯಿಂದ ಮರಕ್ಕೆ, ಹಗ್ಗಕ್ಕಿಂತ ಎರಡು ಮೀಟರ್ ಉದ್ದ ಬಿಟ್ಟು. ಅದು ಬೀಗಕ್ಕೆ ಮಾತ್ರ, ಗಾಳಿಯ ಎಳೆತ ಅದಕ್ಕೆ ಬೀಳಬಾರದು. ಬೀಗ ಹಿತ್ತಾಳೆಯದ್ದು, ಕೀಲಿ ತೂತು ಕೆಳಮುಖವಾಗಿ.

ಕೆರೆಬದಿ:
ಹಾಗಾದರೆ ಈ ಶನಿವಾರದಿಂದಲೇ ಪಶ್ಚಿಮ ದಂಡೆ. ಕಂಬಕ್ಕೆ ಅನುಮತಿ ಸಿಗೋವರೆಗೆ ಮೂತಿಯ ಹಗ್ಗ ಮಾತ್ರ ಹೊಂಗೆ ಮರಕ್ಕೆ ಕಟ್ಟಿ ಬಿಟ್ಟರೆ ನಡೆಯುತ್ತಾ?

ಸರ್ವೆಕಂಬ:
ಪಶ್ಚಿಮದ ಗಾಳಿ ಇರುವವರೆಗೆ ನಡೆಯುತ್ತೆ. 8 ಮೀಟರ್ ಹಗ್ಗ ಬಿಡಿ, ದೋಣಿ ತಾನೇ ಆಚೆ ತೇಲಿ ನಿಲ್ಲುತ್ತೆ. ಗಾಳಿ ಬಿದ್ದುಹೋದರೆ ದಡಕ್ಕೆ ಬಂದು ಕೂರುತ್ತೆ. ಮಣ್ಣಿನ ದಂಡೆ, ಅಪಾಯವಿಲ್ಲ, ಆದರೆ ಅಲ್ಲಿ ಕಲ್ಲು, ಬಾಟಲಿ ಚೂರು ಇದ್ದರೆ ಹಗಲಲ್ಲೇ ಆಯ್ದುಬಿಡಿ.