ಜೆಂಬೆ ಯಾವ ಮರದ್ದು, ಯಾವ ದೇಶದ್ದು? ಗುರುತು ಹಿಡಿಯುವ ಬಗೆ: ಬಲ್ಲವರ ಉತ್ತರಗಳು

ಕೇಳಿದವರು:
ಬೆಂಗಳೂರು ಬಿಟ್ಟು ಹೊರಟವರೊಬ್ಬರಿಂದ ಹಳೆಯ ಜೆಂಬೆ (ಕೈಯಲ್ಲಿ ಬಾರಿಸುವ ಪಶ್ಚಿಮ ಆಫ್ರಿಕಾದ ಡೋಲು) ಕೊಂಡಿದ್ದೇನೆ. ಎತ್ತರ 61 ಸೆಂ.ಮೀ., ಬಾಯಿಯ ಅಡ್ಡಳತೆ 32 ಸೆಂ.ಮೀ., ಮುಚ್ಚಿಗೆ ಬಿಗಿಯುವ ಕಬ್ಬಿಣದ ಬಳೆ, ಹಗ್ಗ ಎಲ್ಲ ಸೇರಿ ತೂಕ 8.6 ಕಿಲೊ. ಕಡು ಕಂದು ಬಣ್ಣ, ಮೇಲೆ ಹೊಳಪು ಬಳಿದಿದ್ದಾರೆ, ಕಾಲಿನ ಸುತ್ತ ಕೆತ್ತನೆ ಇದೆ. "ಗಿನಿ ದೇಶದ್ದು, ಲೆಂಕೆ ಮರ" ಅಂತ ಹೇಳಿ ಕೊಟ್ಟರು. ಮುಚ್ಚಿಗೆ ಹರಿದಿದೆ, ಹೇಗೂ ಬಿಚ್ಚಬೇಕು. ಅವರು ಹೇಳಿದ್ದು ನಿಜವೇ ಅಂತ ನೋಡುವುದು ಹೇಗೆ?

ಮರಗೆಲಸ ಬಲ್ಲವರು:
ಮೊದಲು ಹೊರಗಿನ ಬಣ್ಣ ಮರೆತುಬಿಡಿ. ಪಾಲಿಶ್, ಶೂ ಪಾಲಿಶ್, ಷಿಯಾ ಬೆಣ್ಣೆ, ಬಿರುಕಿಗೆ ತುಂಬಿದ ಮರದ ಪುಡಿ-ಅಂಟು ಎಲ್ಲ ಸೇರಿ ಯಾವ ಮರವನ್ನಾದರೂ ಕಡು ಕಂದು ಮಾಡುತ್ತವೆ. ಹತ್ತಿಗೆ ಅಸಿಟೋನ್ ಹಚ್ಚಿ ಕಾಲಿನ ಒಳಮೈಯಲ್ಲಿ ಒರೆಸಿ. ಹತ್ತಿ ಕಂದಾದರೆ ನೀವು ಇಷ್ಟು ದಿನ ನೋಡುತ್ತಿದ್ದದ್ದು ಬಣ್ಣ, ಮರವಲ್ಲ.

ಜೆಂಬೆಯನ್ನು ಕವುಚಿ ಹಾಕಿ. ಕಾಲಿನ ತುದಿಯ ಬಳೆಯಂಥ ಅಂಚಿದೆಯಲ್ಲ, ಅಲ್ಲಿ ಮರದ ಅಡ್ಡ ಸೀಳು ಕಾಣುತ್ತದೆ. ಗುರುತು ಸಿಗುವ ಜಾಗ ಅದೇ. ಎರಡು ಸೆಂಟಿಮೀಟರ್ ಉದ್ದದಷ್ಟು ಜಾಗವನ್ನು 120, ಆಮೇಲೆ 240, ಕೊನೆಗೆ 400ರ ಉಪ್ಪು ಕಾಗದದಲ್ಲಿ ಉಜ್ಜಿ. ಇನ್ನೂ ಒಳ್ಳೆಯದು, ಹೊಸ ಬ್ಲೇಡಿನಿಂದ ತೆಳ್ಳಗೆ ಒಂದು ಪದರ ಎತ್ತಿ. ಉಜ್ಜಿದರೆ ಪುಡಿ ರಂಧ್ರಗಳಲ್ಲಿ ಕೂತು ಮೋಸ ಮಾಡುತ್ತದೆ, ಬ್ಲೇಡು ಆ ಕೆಲಸ ಮಾಡುವುದಿಲ್ಲ. ಒಂದು ಹನಿ ನೀರು ಸವರಿ, ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿ. ಮಾಸ್ಕ್ ಹಾಕಿಕೊಳ್ಳಿ. ಜೆಂಬೆಗೆ ಬಳಸುವ ಅಫ್ಜೇಲಿಯಾ, ಇರೋಕೋ ಎಂಬ ಆಫ್ರಿಕಾದ ಮರಗಳೆರಡರ ಪುಡಿಯೂ ಮೂಗು-ಗಂಟಲಿಗೆ ಕಿರಿಕಿರಿ.

ಲೆಂಕೆ ಅಂದರೆ ಅಫ್ಜೇಲಿಯಾ ಆಫ್ರಿಕಾನಾ. ಅಡ್ಡ ಸೀಳಿನಲ್ಲಿ ಪ್ರತಿ ರಂಧ್ರದ ಸುತ್ತ ತಿಳಿ ಬಣ್ಣದ ವಜ್ರಾಕಾರದ ಮಚ್ಚೆ ಇರುತ್ತದೆ, ಎರಡು ಕಡೆ ಚಿಕ್ಕ ರೆಕ್ಕೆ ಚಾಚಿದ ಹಾಗೆ. ಚೇಗು, ಅಂದರೆ ಒಳಗಿನ ಗಟ್ಟಿ ಮರ, ಕಿತ್ತಳೆ ಛಾಯೆಯ ಕಂದು, ಹೊರಗಿನ ಬಿಳಿ ಮರ ಹುಲ್ಲಿನ ಬಣ್ಣ, ಎರಡರ ನಡುವೆ ಗೆರೆ ಎಳೆದಷ್ಟು ಸ್ಪಷ್ಟ ಗಡಿ. ಕೆಲವು ರಂಧ್ರಗಳಲ್ಲಿ ಹಳದಿ ಪುಡಿ ಕೂತಿರುತ್ತದೆ. ಆ ಹಳದಿ ನೀರಿಗೆ ಬಿಡುತ್ತದೆ, ಹಾಗಾಗಿ ಸುಲಭದ ಪರೀಕ್ಷೆಯೊಂದಿದೆ: ಉಜ್ಜಿದ ಜಾಗದ ಮೇಲೆ ಒದ್ದೆ ಬಿಳಿ ಬಟ್ಟೆ ಕಟ್ಟಿ ಒಂದು ರಾತ್ರಿ ಬಿಡಿ. ಹಳದಿ ಕಲೆ ಬಿದ್ದರೆ ಲೆಂಕೆಯ ಕಡೆಗೆ ಒಂದು ಸಾಕ್ಷಿ. ಅಸಿಟೋನಿಗೆ ಬಣ್ಣ ಬಿಟ್ಟಿದ್ದ ಜಾಗದಲ್ಲಿ ಮಾತ್ರ ಇದನ್ನು ಮಾಡಬೇಡಿ, ಪಾಲಿಶಿನ ಬಣ್ಣವೇ ಬಟ್ಟೆಗೆ ಇಳಿಯಬಹುದು.

ಜಲ್ಲಾ, ಅಂದರೆ ಕಾಯಾ ಸೆನೆಗಲೆನ್ಸಿಸ್, ಆಫ್ರಿಕಾದ ಮಹಾಗನಿಗಳಲ್ಲಿ ಭಾರದ್ದು. ಕೆಂಪು ಕಂದು, ಸ್ವಲ್ಪ ನೇರಳೆ ಛಾಯೆ. ವಜ್ರದ ಮಚ್ಚೆ ಇಲ್ಲ, ರಂಧ್ರಗಳಲ್ಲಿ ಕೆಂಪು-ಕಪ್ಪು ಅಂಟು. ಉದ್ದ ಮೈಯಲ್ಲಿ ಎಳೆ ಒಮ್ಮೆ ಆ ಕಡೆ ಒಮ್ಮೆ ಈ ಕಡೆ ತಿರುಗಿ, ಬೆಳಕು ಹಾಯಿಸಿದರೆ ಪಟ್ಟೆ ಪಟ್ಟೆ ಕಾಣುತ್ತದೆ.

ನಮ್ಮಲ್ಲಿ ಹೆಚ್ಚು ಜನ ಎಡವುವುದು ಇಲ್ಲೇ. ಅಂಗಡಿಗಳಲ್ಲಿ ಸಿಗುವ ಜೆಂಬೆಗಳಲ್ಲಿ ಬಹಳಷ್ಟು ಇಂಡೊನೇಷ್ಯಾದ ತೋಟದ ಮಹಾಗನಿ. ನಮ್ಮ ತೋಟಗಳ ಅಂಚಿನಲ್ಲಿ ನೆಡುತ್ತಾರಲ್ಲ, ಅದೇ ಸ್ವೀಟೇನಿಯಾ. ಬಣ್ಣ ಜಲ್ಲಾದ ಹಾಗೇ ಇರುತ್ತದೆ. ಅಡ್ಡ ಸೀಳಿನಲ್ಲಿ ಬೆಳವಣಿಗೆಯ ಉಂಗುರಗಳ ಗಡಿಗೆ ಸರಿಯಾಗಿ ತಿಳಿ ಬಣ್ಣದ ಸಣ್ಣ ಗೆರೆ ಓಡಿದ್ದರೆ ಅದು ಸ್ವೀಟೇನಿಯಾ. ಕಾಯಾದಲ್ಲಿ ಆ ಗೆರೆ ಸಾಮಾನ್ಯವಾಗಿ ಇರುವುದಿಲ್ಲ.

ಮುಚ್ಚಿಗೆ ಕಟ್ಟುವವರು:
ಮುಚ್ಚಿಗೆ ಬಿಚ್ಚುತ್ತೀರಿ ಅಂದಮೇಲೆ ತೂಕದ ಲೆಕ್ಕ ಮಾಡಿಬಿಡಿ. "ಭಾರ ಇದೆ, ಹಾಗಾದರೆ ಒಳ್ಳೆಯ ಮರ" ಅನ್ನುವ ಮಾತಿಗೆ ಅರ್ಥವಿಲ್ಲ. ಹಗುರ ಮರವನ್ನು ದಪ್ಪ ಬಿಟ್ಟರೂ ಭಾರವೇ, ಹಸಿ ಮರವೂ ಭಾರವೇ.

ಬರೀ ಮರದ ಚಿಪ್ಪನ್ನು ತೂಗಿ. ತಕ್ಕಡಿ ಇಲ್ಲದಿದ್ದರೆ ಅಂದಾಜು ಹೀಗೆ: ಬಳೆ ಮೂರು, ಮೇಲಿನ ಎರಡು ತಲಾ 105 ಸೆಂ.ಮೀ. ಸುತ್ತಳತೆ, ನಡುವಿನದು 50. ಒಟ್ಟು 2.6 ಮೀಟರ್. 8 ಮಿ.ಮೀ. ಸರಳಾದರೆ, ಕಟ್ಟಡ ಕೆಲಸದವರ ಸೂತ್ರದಂತೆ 8×8÷162, ಮೀಟರಿಗೆ 0.395 ಕಿಲೊ, ಅಲ್ಲಿಗೆ ಒಂದು ಕಿಲೊ ಕಬ್ಬಿಣ. ಹಗ್ಗ, ಚರ್ಮ ಸೇರಿ 700 ಗ್ರಾಂ ಹಿಡಿಯಿರಿ. 8.6ರಲ್ಲಿ 1.7 ಕಳೆದರೆ ಚಿಪ್ಪು 6.9 ಕಿಲೊ.

ಈಗ ಗಾತ್ರ. ಬಟ್ಟಲಿನ ಸರಾಸರಿ ಅಡ್ಡಳತೆ 25, ಎತ್ತರ 32. ಕಾಲಿನದು 18, ಎತ್ತರ 29. ಎರಡರ ಮೈ ಸೇರಿ ಸುಮಾರು 4,150 ಚದರ ಸೆಂ.ಮೀ. ಗೋಡೆ ಸರಾಸರಿ 2 ಸೆಂ.ಮೀ. ದಪ್ಪವಿದ್ದರೆ 8.3 ಲೀಟರ್ ಮರ. 6.9 ಭಾಗ 8.3 ಅಂದರೆ ಲೀಟರಿಗೆ 0.83 ಕಿಲೊ, ಇದೇ ಮರದ ಸಾಂದ್ರತೆ. ಲೆಂಕೆ, ಜಲ್ಲಾ ಎರಡೂ 0.8ರ ಆಸುಪಾಸು, ಅದೇ ಸೀಮೆಯ ಇನ್ನೆರಡು ಮರಗಳಲ್ಲಿ ಗೆನಿ ಇನ್ನೂ ಸ್ವಲ್ಪ ಮೇಲೆ, ಗೆಲೆ 1ರ ಹತ್ತಿರ. ಇರೋಕೋ, ತೇಗ 0.65. ತೋಟದ ಮಹಾಗನಿ 0.55 ಇರಬಹುದು. ಘಾನಾದ ತ್ವೆನೆಬೋವಾ ಮರ 0.45ರ ಒಳಗೆ, ಉಗುರಿನಲ್ಲಿ ಒತ್ತಿದರೆ ಗುರುತು ಬೀಳುತ್ತದೆ.

ಈ ಲೆಕ್ಕದ ದೌರ್ಬಲ್ಯ ದಪ್ಪದಲ್ಲಿದೆ. ಮೂರು ಮಿಲಿಮೀಟರ್ ತಪ್ಪಿದರೆ ಉತ್ತರ ಶೇ 15 ಜಾರುತ್ತದೆ, ಲೆಂಕೆ ಇರೋಕೋದ ಕಡೆ ವಾಲಿಬಿಡುತ್ತದೆ. ಮೇಲಿನ ಅಂಚಿನಲ್ಲಿ ಮಾತ್ರ ಅಳೆಯಬೇಡಿ, ಅಲ್ಲಿ ತೆಳ್ಳಗಿರುತ್ತದೆ. ಕುತ್ತಿಗೆ ಬಹುತೇಕ ದಪ್ಪ. ಹೊರಗೊಂದು ಒಳಗೊಂದು ಕಾಲು ಚಾಚುವ ಕ್ಯಾಲಿಪರಿನಲ್ಲಿ ಆರು ಕಡೆಯಾದರೂ ತೆಗೆದುಕೊಳ್ಳಿ.

ಬಿಚ್ಚಿದಾಗ ಒಳಗೆ ಟಾರ್ಚ್ ಹಾಕಿ. ಬಾಚಿ, ಉದ್ದ ಹಿಡಿಯ ಉಳಿಯ ಏಟುಗಳು ಅಡ್ಡಾದಿಡ್ಡಿ, ಕೆಲವೊಮ್ಮೆ ಸುರುಳಿಯಾಗಿ ಇದ್ದರೆ ಕೈಕೆತ್ತನೆ. ಸಮಾನ ಅಂತರದ ಉಂಗುರ ಗೀರುಗಳು, ಎಲ್ಲ ಕಡೆ ಒಂದೇ ದಪ್ಪ: ಅದು ಲೇತ್. ಪೂರ್ವ ಜಾವಾದ ಬ್ಲಿಟಾರ್ ಕಡೆಯ ಜೆಂಬೆಗಳು ಹೀಗೆ. ಉದ್ದಕ್ಕೆ ನೇರ ಅಂಟಿನ ಗೆರೆಗಳಿದ್ದರೆ ಪಟ್ಟಿ ಜೋಡಿಸಿದ ಕಾರ್ಖಾನೆ ವಾದ್ಯ. ಪಶ್ಚಿಮ ಆಫ್ರಿಕಾದಲ್ಲಿ ಒಂದೇ ದಿಮ್ಮಿಯಿಂದ ತೋಡುತ್ತಾರೆ.

ಆ ಸೀಮೆಯ ಪದ್ಧತಿ ಬಲ್ಲವರು:
ಲೆಂಕೆ, ಜಲ್ಲಾ, ದುಗುರಾ, ಗೆನಿ, ಗೆಲೆ ಎಲ್ಲ ಬಂಬಾರಾ-ಮಲಿಂಕೆ ಮಾತನಾಡುವ ಕೆತ್ತನೆಯವರು ಮರಗಳಿಗೆ ಇಟ್ಟ ಹೆಸರುಗಳು. ಫ್ರೆಂಚ್ ವ್ಯಾಪಾರದಲ್ಲಿ ಲೆಂಕೆ, ಜಲ್ಲಾ, ಗೆನಿ ಕ್ರಮವಾಗಿ ಲಿಂಗೆ, ಕೈಲ್ಸೆದ್ರಾ, ವೆನ್ ಎಂದು ಬರುತ್ತವೆ. ಸೆನೆಗಲ್‌ನಲ್ಲಿ ದುಗುರಾಕ್ಕೆ ವೊಲೊಫ್ ಭಾಷೆಯಲ್ಲಿ ದಿಂಬ್ ಅನ್ನುತ್ತಾರೆ, ಕೋಲು-ಕೈ ಎರಡರಲ್ಲೂ ಬಾರಿಸುವ ಸಬಾರ್ ಡೋಲು ಕೂಡ ಅದರದ್ದೇ. ಮಾರುವವರು ಒಂದೇ ಮರವನ್ನು ಮೂರು ಹೆಸರಲ್ಲಿ ಹೇಳಿದರೆ ಮೋಸ ಅಂತ ಹಾರಬೇಡಿ.

ಆದರೆ ಮರ ಗೊತ್ತಾದ ಮಾತ್ರಕ್ಕೆ ದೇಶ ಗೊತ್ತಾಗುವುದಿಲ್ಲ. ಲೆಂಕೆಯೂ ಜಲ್ಲಾವೂ ಸೆನೆಗಲ್‌ನಿಂದ ಉಗಾಂಡದವರೆಗೆ ಬಯಲು ಸೀಮೆಯ ಪಟ್ಟಿಯುದ್ದಕ್ಕೂ ಬೆಳೆಯುತ್ತವೆ. ಇರೋಕೋ ಮಳೆಕಾಡಿನ ಕಡೆಯದು, ಅದು ಸಿಕ್ಕರೆ ಐವರಿ ಕೋಸ್ಟ್ ಕಡೆ ನೋಡಬಹುದು. ತ್ವೆನೆಬೋವಾ ಸಿಕ್ಕರೆ ಘಾನಾ ಅಂತ ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ಘಾನಾಕ್ಕೆ ಜೆಂಬೆ ಹೊರಗಿನಿಂದ ಬಂದದ್ದು, ಅಲ್ಲಿನ ಸ್ವಂತದ್ದು ಗೂಟಕ್ಕೆ ಬಿಗಿಯುವ ಕ್ಪಾನ್‌ಲೊಗೊ ಥರದ ಡೋಲುಗಳು. ಅಲ್ಲಿನ ಜೆಂಬೆಗಳಲ್ಲಿ ಮಾರಾಟಕ್ಕೆ ಕಣ್ಣಿಟ್ಟ ಕೆತ್ತನೆ ಜಾಸ್ತಿ: ಆನೆ, ಹಿಂದೆ ತಿರುಗಿ ನೋಡುವ ಸಂಕೋಫಾ ಹಕ್ಕಿ, ಗ್ಯೆ ನ್ಯಾಮೆ ಚಿಹ್ನೆ. ಬಳೆ ತೆಳ್ಳಗೆ, ಹಗ್ಗ ಹಿಗ್ಗುವ ನೈಲಾನ್.

ಉಳಿದವಕ್ಕೆ ಆಕಾರವೇ ಗತಿ, ಅದೂ ಒಲವು ಮಾತ್ರ. ಗಿನಿಯದರಲ್ಲಿ ಕಾಲಿನ ಸುತ್ತ ಆಳವಾದ ಉಬ್ಬು ಕೆತ್ತನೆ ಸಾಮಾನ್ಯ. ಮಾಲಿಯದು ಬಟ್ಟಲು ದೊಡ್ಡದು, ಗುಂಡಗೆ. ಐವರಿ ಕೋಸ್ಟ್‌ನದು ನೀಳ, ತೆಳು ಗೋಡೆ, ಬಟ್ಟಲಿನಿಂದ ಕಾಲಿಗೆ ಇಳಿಯುವ ಬಳುಕು ಚೂಪು. ಸೆನೆಗಲ್‌ನದು ಹೆಚ್ಚಾಗಿ ಮೋಟು. ಕೊನಾಕ್ರಿ, ಬಮಾಕೊ, ಅಬಿಜಾನ್, ಡಾಕಾರ್ ಕಾರ್ಯಾಗಾರಗಳು ಒಂದರ ಮಾದರಿಯನ್ನು ಇನ್ನೊಂದು ದಶಕಗಳಿಂದ ನಕಲು ಮಾಡಿವೆ, ಗಡಿಯ ಆಚೆಯಿಂದ ಚಿಪ್ಪು ತರಿಸುತ್ತವೆ ಕೂಡ. ಬಳೆ, ಹಗ್ಗ, ಚರ್ಮವನ್ನು ನೋಡಿ ಊರು ಹೇಳುವವರನ್ನಂತೂ ನಂಬಬೇಡಿ. ಒಂದು ಸಾರಿ ಮುಚ್ಚಿಗೆ ಬದಲಾದರೆ ಅವೆಲ್ಲ ಬದಲಾಗಿರುತ್ತವೆ.

ಇನ್ನೊಬ್ಬರು:
ಗೆನಿಗೆ ನಮ್ಮ ಕಡೆಯ ನಂಟಿದೆ. ಅದು ಪ್ಟೆರೊಕಾರ್ಪಸ್ ಎರಿನೇಸಿಯಸ್, ನಮ್ಮ ಹೊನ್ನೆಯ ಕುಲ. ಸಕ್ಕರೆ ಕಾಯಿಲೆಯವರು ನೀರಿಡುವ ಹೊನ್ನೆಯ ಲೋಟದಲ್ಲಿ ನೀಲಿ ಹೊಳಪು ಕಂಡಿದ್ದೀರಲ್ಲ? ಈ ಕುಲದ ಹಲವು ಮರಗಳನ್ನು ಹೆರೆದ ಚೂರು ನೀರಿಗೆ ಹಾಕಿದರೆ ಅಂಥದ್ದೇ ಹೊಳಪು ಬರುತ್ತದೆ. ಬಂದರೆ ಸುಳಿವು, ಬರದಿದ್ದರೆ ಏನೂ ತೀರ್ಮಾನ ಬೇಡ. ಇದಕ್ಕಿಂತ ಗಟ್ಟಿ ಗುರುತು ಉದ್ದ ಮೈಯಲ್ಲಿ ಅಡ್ಡಡ್ಡ ಕಾಣುವ ಸಣ್ಣ ಅಲೆ ಗೆರೆಗಳು, ನುಣುಪು ಮಾಡಿ ನೀರು ಸವರಿದರೆ ಬರಿಗಣ್ಣಿಗೂ ಕಾಣುತ್ತವೆ. ಲೆಂಕೆಯಲ್ಲಿ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ.

ಬೆಣ್ಣೆ ಬಣ್ಣದ ಹಗುರ ಜೆಂಬೆಯನ್ನು "ಮೆಲಿನಾ, ಆಫ್ರಿಕನ್ ಮರ" ಅಂತ ಮಾರುತ್ತಾರೆ. ಅದು ನಮ್ಮ ಶಿವನೆ ಮರ, ಇಲ್ಲಿಂದ ಆಗ್ನೇಯ ಏಷ್ಯಾದವರೆಗಿನ ಸ್ವಂತದ್ದು. ಆಫ್ರಿಕಾದಲ್ಲಿ ಅದನ್ನು ನೆಡುತೋಪಿನಲ್ಲಿ ಬೆಳೆಸುತ್ತಾರೆ. ಜೆಂಬೆ ಆಫ್ರಿಕಾದಲ್ಲೇ ಕೆತ್ತಿದ್ದಿರಬಹುದು, ಮರದಿಂದ ಮಾತ್ರ ಅದನ್ನು ಹೇಳಲಾಗದು.

ಕೇಳಿದವರು:
ನೋಡಿದೆ. ಅಸಿಟೋನಿಗೆ ಹೊರಗೆ ಬಣ್ಣ ಬಿಟ್ಟಿತು, ಒಳಗೆ ಇಲ್ಲ. ಒಳಗೆ ಉಳಿಯ ಏಟು ಸುರುಳಿಯಾಗಿವೆ. ಕಾಲಿನ ಅಂಚಿನಲ್ಲಿ ವಜ್ರದ ಮಚ್ಚೆ ಸ್ಪಷ್ಟ. ಒಳಗಡೆ ಕಟ್ಟಿದ ಬಟ್ಟೆ ಬೆಳಿಗ್ಗೆ ತಿಳಿ ಹಳದಿ. ಬರೀ ಚಿಪ್ಪು 6.8 ಕಿಲೊ. ಒಂದು ಅನುಮಾನ: ಇರೋಕೋದಲ್ಲೂ ವಜ್ರದ ಮಚ್ಚೆ ಇರುತ್ತದೆ ಅಂತ ಓದಿದೆ. ಕೆಲವು ರಂಧ್ರಗಳಲ್ಲಿ ಬಿಳಿ ಪುಡಿಯೂ ಇದೆ.

ಮರಗೆಲಸ ಬಲ್ಲವರು:
ಇರುತ್ತದೆ, ಒಳ್ಳೆಯ ಪ್ರಶ್ನೆ. ಇರೋಕೋದ ರೆಕ್ಕೆಗಳು ಉದ್ದ, ಪಕ್ಕದ ರಂಧ್ರದ ರೆಕ್ಕೆಗೆ ಕೂಡಿಕೊಂಡು ಗೆರೆಯಾಗುತ್ತವೆ. ಆ ಮರದಲ್ಲಿ ಸುಣ್ಣದ ಗಟ್ಟಿಗಳು ಕಟ್ಟಿಕೊಳ್ಳುತ್ತವೆ, ಉಳಿಯ ಬಾಯಿ ಮುರಿಯುವಷ್ಟು ಗಟ್ಟಿ. ಬಿಳಿ ಪುಡಿಯ ಮೇಲೆ ಒಂದು ಹನಿ ವಿನೆಗರ್ ಬಿಟ್ಟು ಭೂತಗನ್ನಡಿಯಲ್ಲಿ ನೋಡಿ. ನೊರೆ ಎದ್ದರೆ ಸುಣ್ಣ. ಏಳದಿದ್ದರೆ ನೀವು ಉಜ್ಜಿದ ಪುಡಿಯೇ ಇರಬಹುದು, ಬ್ಲೇಡಿನಲ್ಲಿ ಇನ್ನೊಂದು ಪದರ ಎತ್ತಿ. ನಿಮ್ಮ ತೂಕ 0.65ರ ಮರಕ್ಕೆ ಕೂಡುವುದಿಲ್ಲ, ಗೋಡೆ 2.5 ಸೆಂ.ಮೀ. ಇದ್ದರೆ ಮಾತ್ರ ಕೂಡುತ್ತದೆ. ದಪ್ಪ ಸರಿಯಾಗಿ ಅಳೆದಿದ್ದೀರಾ?

ಕೇಳಿದವರು:
ಎಂಟು ಕಡೆ ಅಳೆದೆ, ಸರಾಸರಿ 20 ಮಿ.ಮೀ. ನೊರೆ ಏಳಲಿಲ್ಲ.

ಮರಗೆಲಸ ಬಲ್ಲವರು:
ಹಾಗಾದರೆ ಲೆಂಕೆ ಅನ್ನಿ.

ಆ ಸೀಮೆಯ ಪದ್ಧತಿ ಬಲ್ಲವರು:
ಮರ ಲೆಂಕೆ, ಕೈಕೆತ್ತನೆ, ಕಾಲಿನಲ್ಲಿ ಉಬ್ಬು ಕೆತ್ತನೆ. "ಗಿನಿ ಇರಬಹುದು" ಅನ್ನುವಷ್ಟು ಹೇಳಬಹುದು. ಮಾಲಿ ಅಲ್ಲ ಅಂತ ಸಾಧಿಸಲು ನಿಮ್ಮ ಕೈಯಲ್ಲಿ ಏನೂ ಇಲ್ಲ, ಕೊಂಡ ರಸೀದಿಯೋ ಒಳಗೆ ಕೆತ್ತಿದ ಗುರುತೋ ಸಿಕ್ಕರೆ ಬೇರೆ ಮಾತು. ಮುಂದೆ ಇದನ್ನು ದೇಶದ ಹೊರಗೆ ಮಾರುವುದಾದರೆ ಕಾಗದಪತ್ರ ಮೊದಲು ವಿಚಾರಿಸಿ. ಗೆನಿ 2017ರಿಂದ, ಆಫ್ರಿಕಾದ ಅಫ್ಜೇಲಿಯಾ ಮತ್ತು ಕಾಯಾ 2023ರಿಂದ ಸೈಟಿಸ್, ಅಂದರೆ ಅಳಿವಿನ ಅಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ. ಯಾವ ರೂಪದ ಮರಕ್ಕೆ ನಿಯಮ ಅನ್ವಯ ಅನ್ನುವುದು ಪ್ರಭೇದದಿಂದ ಪ್ರಭೇದಕ್ಕೆ ಬೇರೆ.

ಮುಚ್ಚಿಗೆ ಕಟ್ಟುವವರು:
ಹಳೆಯ ಚರ್ಮವನ್ನು ಒಣದಾಗಿ ಉಜ್ಜಬೇಡಿ, ಕೂದಲು ಹೆರೆಯಬೇಡಿ. ಹದ ಮಾಡದ ಆಮದು ಆಡಿನ ಚರ್ಮದ ದೂಳಿನಿಂದ ಆಂಥ್ರಾಕ್ಸ್ ತಗುಲಿದ ಪ್ರಕರಣಗಳು ಬ್ರಿಟನ್, ಅಮೆರಿಕದಲ್ಲಿ ದಾಖಲಾಗಿವೆ. ಮಾಸ್ಕ್, ಕೈಗವಸು ಹಾಕಿ, ಬಿಚ್ಚಿಟ್ಟ ಚರ್ಮವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಎತ್ತಿಬಿಡಿ. ಚಿಪ್ಪಿಗೆ ಎಣ್ಣೆ ಈಗಲೇ ಬೇಡ. ಮೊದಲು ಬಿಳಿ ಮರದ ಭಾಗದಲ್ಲಿ ಗುಂಡುಸೂಜಿ ತಲೆಯಷ್ಟು ತೂತು, ಕೆಳಗೆ ಹಿಟ್ಟಿನಂಥ ಪುಡಿ ಇದೆಯೇ ನೋಡಿ. ಕುಟ್ಟೆ ಹುಳ ಚೇಗಿಗೆ ಬಾಯಿ ಹಾಕುವುದು ಕಡಿಮೆ, ಬಿಳಿ ಮರವನ್ನು ಬಿಡುವುದಿಲ್ಲ. ಕರಿ ಕಾಗದದ ಮೇಲೆ ಚಿಪ್ಪು ಇಟ್ಟು ಎರಡು ವಾರ ಬಿಟ್ಟು ಹೊಸ ಪುಡಿ ಬೀಳದಿದ್ದರೆ, ಕಾಯಿಸದ ಅಗಸೆ ಎಣ್ಣೆಯನ್ನು ಒಳಗೂ ಹೊರಗೂ ಒಂದೇ ಸಮ ಸವರಿ. ಹೊರಗೆ ಮಾತ್ರ ಸವರಿದರೆ ಬೇಸಿಗೆಯಲ್ಲಿ ಒಳಮೈ ಬೇಗ ಒಣಗಿ ಮೇಲಿನ ಅಂಚಿನಿಂದ ಬಿರುಕು ಇಳಿಯುತ್ತದೆ.