ಬೆಲ್ ಆದರೆ ಬಂಡು ಎಲ್ಲಿ?

ಭಾನುವಾರ ಬೆಳಗ್ಗೆ ಗಾಂಧಿಬಜಾರಿನ ದರ್ಶಿನಿಯಲ್ಲಿ ನಮ್ಮ ನಾಲ್ವರ ಸಭೆ. ನಾಲ್ವರಿಗೆ ಎರಡು ಬೈ-ಟು ಕಾಫಿ, ದೇಶದ ಸಮಸ್ಯೆಗಳೆಲ್ಲ ಉಚಿತ. ಮೊನ್ನೆ ಶೀನ ಮುಖ ಊದಿಸಿಕೊಂಡು ಬಂದ.

"ನಮ್ಮ ಬಂಡು ತಳೀನೇ ಸರಿ ಇಲ್ಲ ಕಣ್ರೋ. ಲ್ಯಾಬ್ರಡಾರ್ ಅಂತ ನಂಬಿ ತಂದೆ. ಕಾಲಿಂಗ್ ಬೆಲ್ ಆದ್ರೆ ಮಂಚದ ಕೆಳಗೆ ಸೇರ್ಕೊಳ್ಳುತ್ತೆ."

"ಬೆಲ್ ಆದಾಗ ನೀನೆಲ್ಲಿರ್ತೀಯ?" ಅಂದ ರಾಘು.

ಶೀನ ಚಟ್ನಿ ಕಡೆ ನೋಡಿದ. ನಮಗೆಲ್ಲ ಗೊತ್ತಿರೋದೇ: ಗಣೇಶನ ಚಂದಾದವರು ಬಂದ್ರೆ ಇವನು ಟೀವಿ ಆರಿಸಿ, ಉಸಿರು ಬಿಗಿಹಿಡಿದು ಬಚ್ಚಲಲ್ಲಿ ನಿಂತಿರ್ತಾನೆ. ಮಂಚದ ಕೆಳಗೆ ಹಿಡಿಸಿದ್ದರೆ ಅಲ್ಲಿಗೇ ಹೋಗ್ತಿದ್ದ.

ನಿವೃತ್ತ ವಿಜ್ಞಾನದ ಮೇಷ್ಟ್ರು ಲೋಟ ಕೆಳಗಿಟ್ಟರು. ಅಂದ್ರೆ ಪಾಠ ಶುರು. "ತಳೀನ ಬೈಬೇಡವೋ. ಅಮೆರಿಕದಲ್ಲಿ 18 ಸಾವಿರಕ್ಕೂ ಹೆಚ್ಚು ನಾಯಿಗಳ ಯಜಮಾನರನ್ನ ವಿಚಾರಿಸಿ 2022ರಲ್ಲಿ 'ಸೈನ್ಸ್' ಪತ್ರಿಕೇಲಿ ಬರೆದಿದ್ದಾರೆ. ನಾಯಿ ನಾಯಿಗೂ ನಡತೇಲಿ ಕಾಣೋ ವ್ಯತ್ಯಾಸಕ್ಕೆ ತಳಿ ಕಾರಣ ಆಗೋದು ನೂರರಲ್ಲಿ 9 ಪಾಲು ಮಾತ್ರ."

"ಮಿಕ್ಕ 91 ನಂದಾ?"

"ಪೂರ್ತಿ ನಿನ್ನ ತಲೆಗೆ ಕಟ್ಟಲ್ಲಪ್ಪ. ಅದರ ಸ್ವಂತ ಹುಟ್ಟುಗುಣ ಇರುತ್ತೆ. ಸುಮಾರು 3ರಿಂದ 12 ವಾರದ ಒಳಗೆ ಮರಿಗೆ ಹೊಸ ಜನ, ಹೊಸ ಸದ್ದು ಪರಿಚಯ ಆಗಬೇಕು, ಅದೂ ಲೆಕ್ಕಕ್ಕೆ ಬರುತ್ತೆ. ನೀನೇನು ಮಾಡಿದೆ? ದೃಷ್ಟಿ ತಗಲುತ್ತೆ ಅಂತ ಮೂರನೇ ಮಹಡಿಯಿಂದ ಕೆಳಗೇ ಇಳಿಸಲಿಲ್ಲ."

ಅದು ನಿಜ. ಬಂಡೂನ ನಾವೇ ಮೊದಲು ನೋಡಿದ್ದು ಆರು ತಿಂಗಳಾದ ಮೇಲೆ.

"ಇನ್ನೊಂದು ಕೇಳಿ. ಸ್ವೀಡನ್ನಿನ ಲಿಂಕೋಪಿಂಗ್ ವಿಶ್ವವಿದ್ಯಾಲಯದವರು 58 ನಾಯಿಗಳ ಕೂದಲು, ಅವುಗಳ ಯಜಮಾನರ ಕೂದಲು ಎರಡನ್ನೂ ಪರೀಕ್ಷೆ ಮಾಡಿ 2019ರಲ್ಲಿ ಪ್ರಕಟಿಸಿದರು. ಆತಂಕ ಆದಾಗ ಮೈಯಲ್ಲಿ ಏರೋ ಕಾರ್ಟಿಸಾಲ್ ಕೂದಲಲ್ಲಿ ಕೂತ್ಕೊಳ್ಳುತ್ತೆ, ತಿಂಗಳುಗಟ್ಟಲೆ ಲೆಕ್ಕ ಅಲ್ಲಿ ಸಿಗುತ್ತೆ. ಯಜಮಾನರದು ಜಾಸ್ತಿ ಇದ್ದ ಕಡೆ ನಾಯಿದೂ ಜಾಸ್ತಿ. ಅದಕ್ಕೆ ನಂಟು ಕಂಡಿದ್ದು ನಾಯಿ ಸ್ವಭಾವಕ್ಕಿಂತ ಯಜಮಾನರ ಸ್ವಭಾವದ ಜೊತೆ."

ಮೂವರೂ ಶೀನನ ತಲೆ ನೋಡಿದೆವು. ಬೆಳಗಿನ ಬಿಸಿಲಿಗೆ ಫಳಫಳ ಹೊಳೀತಿತ್ತು.

"ಇವನ ಲೆಕ್ಕ ಹೇಗೆ ನೋಡೋದು ಮೇಷ್ಟ್ರೇ? ಖಾತೇನೇ ಕ್ಲೋಸ್ ಆಗಿದೆಯಲ್ಲ!" ಅಂದ ರಾಘು. ಕಾಫಿ ನನ್ನ ಮೂಗಿಗೆ ಹೋಯ್ತು.

ಶೀನ ಬಿಡಲಿಲ್ಲ. "ಅವು ಯಾವ ನಾಯಿ?"

"ಬಾರ್ಡರ್ ಕಾಲಿ, ಶೆಟ್ಲೆಂಡ್ ಶೀಪ್‌ಡಾಗ್. ಕುರಿ ಕಾಯೋ ತಳಿಗಳು."

"ನೋಡಿದ್ರಾ! ನಂದು ಕುರಿ ಕಾಯಲ್ಲ."

ಮೇಷ್ಟ್ರು ಪ್ರಾಮಾಣಿಕರು, ಒಪ್ಪಿಕೊಂಡರು. ಒಂಟಿಯಾಗಿ ಬೇಟೆಯಾಡೋ ತಳಿಗಳನ್ನ ಅದೇ ವಿಶ್ವವಿದ್ಯಾಲಯದವರು ಆಮೇಲೆ ನೋಡಿದಾಗ ಈ ಹೊಂದಾಣಿಕೆ ಕಾಣಲಿಲ್ಲವಂತೆ. ಮನುಷ್ಯನ ಮುಖ ನೋಡಿಕೊಂಡೇ ಕೆಲಸ ಮಾಡೋ ನಾಯಿಗಳಲ್ಲೇ ಇದು ಜಾಸ್ತಿ ಇರಬಹುದು ಅಂದರು.

"ಬಂಡು ಯಾರ ಮುಖ ನೋಡುತ್ತೆ?"

"ದಿನಾ ನನ್ನದೇ," ಅಂದ ಶೀನ, ಹೆಮ್ಮೆಯಿಂದ. ಅಂದಮೇಲೆ ಅವನಿಗೇ ಹೊಳೀತು.

ಅಷ್ಟರಲ್ಲಿ ಫೋನು. ಆ ಕಡೆಯಿಂದ ಅವನ ಹೆಂಡತಿಯ ದನಿ ನಮಗೂ ಕೇಳಿಸ್ತು: "ರೀ, ಚಂದಾದವರು ಬಂದಿದ್ದಾರೆ. ಏನ್ ಆಶ್ಚರ್ಯ ನೋಡಿ, ಬಂಡು ಬಾಗಿಲಿಗೇ ಹೋಗಿ ಬಾಲ ಆಡಿಸ್ತಾ ನಿಂತಿದೆ! ನೀವು ಎಷ್ಟೊತ್ತಿಗೆ ಬರ್ತೀರ?"

ಶೀನ ಫೋನಿಟ್ಟು ಸುತ್ತ ನೋಡಿ, ದನಿ ತಗ್ಗಿಸಿದ.

"ಇನ್ನೊಂದು ಬೈ-ಟು ಹೇಳ್ರೋ. ಅವರು ಹೋಗಲಿ."